ಪೆಟ್ಟಾದ ಕಾಲಿಗೆ ಕೆಲಸದ ಶೂ: ಮಂಗಳೂರು–ಉಡುಪಿಯ ಅಂಗಡಿಗಳಲ್ಲಿ ಸಿಗುವುದರಲ್ಲಿ ಯಾವುದು ತೆಗೆದುಕೊಳ್ಳಬೇಕು

ಕಣಕಾಲು ಮುರಿದು ಪ್ಲಾಸ್ಟರ್ ಬಿಚ್ಚಿಸಿಕೊಂಡವರು, ಬೈಕಿನಿಂದ ಬಿದ್ದು ಪಾದದ ಎಲುಬಿಗೆ ಪೆಟ್ಟು ಮಾಡಿಕೊಂಡವರು, ಹಿಮ್ಮಡಿ ನೋವಿನಿಂದ ರಜೆ ಹಾಕಿದ್ದವರು ಕೆಲಸಕ್ಕೆ ಮರಳುವಾಗ ಶೂ ಅಂಗಡಿಯಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ: "ಮೆತ್ತಗಿರುವುದು ಕೊಡಿ." ಅಂಗಡಿಯವರು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವ ಮೆಮೊರಿ ಫೋಮ್ ಜೋಡಿಯನ್ನು ಇಳಿಸಿ ಕೊಡುತ್ತಾರೆ. ಅಂಗಡಿಯೊಳಗೆ ನಾಲ್ಕು ಹೆಜ್ಜೆ ಹಾಕಿದರೆ ಹಿತವಾಗಿಯೇ ಇರುತ್ತದೆ. ಬೈಕಂಪಾಡಿಯ ಶೆಡ್ಡಿನಲ್ಲೋ ಪಣಂಬೂರಿನ ಬಂದರಿನಲ್ಲೋ ಎಂಟು ಗಂಟೆ ಕಾಂಕ್ರೀಟಿನ ಮೇಲೆ ನಿಂತಾಗ ಅದೇ ಶೂ ಕಾಲನ್ನು ಸೋಲಿಸುತ್ತದೆ. ತಳ ಮೆತ್ತಗಿದ್ದಷ್ಟೂ ಪಾದ ಅತ್ತಿತ್ತ ವಾಲುತ್ತದೆ, ವಾಲದಂತೆ ಹಿಡಿಯುವ ಕೆಲಸ ಮೀನಖಂಡ ಮತ್ತು ಕಣಕಾಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ವಾರಗಟ್ಟಲೆ ಪ್ಲಾಸ್ಟರಿನೊಳಗಿದ್ದ ಕಾಲಿನಲ್ಲಿ ಸೊರಗಿರುವುದು ಆ ಸ್ನಾಯುಗಳೇ.

ಆದ್ದರಿಂದ ನೋಡಬೇಕಾದದ್ದು ಆಕಾರ ಮತ್ತು ಹಿಡಿತ. ಹಿಮ್ಮಡಿಯನ್ನು ಶೂ ಗಟ್ಟಿಯಾಗಿ ಹಿಡಿಯಬೇಕು, ನಡುಭಾಗ ಬಾಗಬಾರದು, ಬೆರಳುಗಳಿಗೆ ಆಳ ಇರಬೇಕು, ಸಂಜೆಯ ಊತಕ್ಕೆ ಲೇಸಿನಲ್ಲಿ ಬಿಡುವು ಇರಬೇಕು. ಮೆತ್ತನೆಯದು ಇವುಗಳ ನಂತರ.

ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹೆಚ್ಚಾಗಿ ನೇತಾಡುವುದು ಸಿಂಗಲ್ ಡೆನ್ಸಿಟಿ ಪಿಯು (ಪಾಲಿಯುರೆಥೇನ್ ಎಂಬ ಫೋಮಿನಂಥ ಪ್ಲಾಸ್ಟಿಕ್) ಅಥವಾ ಪಿವಿಸಿ ಸೋಲಿನ ಕಪ್ಪು ಶೂ. ಬೆಲೆ ಸುಮಾರು 600ರಿಂದ 900 ರೂಪಾಯಿ. ಇಡೀ ತಳ ಒಂದೇ ಗಟ್ಟಿತನದ್ದು, ಒಳಗಿನ ಇನ್‌ಸೋಲ್ ಎರಡು ಮೂರು ಮಿಲಿಮೀಟರಿನ ಬಟ್ಟೆಯ ಹಾಳೆ. ಆರೋಗ್ಯವಂತ ಕಾಲಿಗೆ, ಅರ್ಧ ದಿನದ ಕೆಲಸಕ್ಕೆ ಅಡ್ಡಿಯಿಲ್ಲ. ಪೆಟ್ಟಾದ ಕಾಲಿಗೆ ಇದನ್ನು ಕೊಳ್ಳಬೇಡಿ, ಉಳಿಸಿದ ದುಡ್ಡು ನೋವಿನ ಮಾತ್ರೆಗೆ ಹೋಗುತ್ತದೆ.

ಹೆಚ್ಚಿನವರಿಗೆ ಸರಿಹೊಂದುವುದು ಡಬಲ್ ಡೆನ್ಸಿಟಿ ಪಿಯು. ಪಾದದ ಕೆಳಗೆ ಹಗುರವಾದ, ಗಾಳಿಗುಳ್ಳೆ ತುಂಬಿದ ಪದರ, ನೆಲಕ್ಕೆ ತಾಗುವಲ್ಲಿ ಗಟ್ಟಿ ಪದರ. ಬಾಟಾ ಇಂಡಸ್ಟ್ರಿಯಲ್ಸ್, ಲಿಬರ್ಟಿ ವಾರಿಯರ್, ಅಲೆನ್ ಕೂಪರ್, ಕರಮ್, ಹಿಲ್ಸನ್ ಈ ಎಲ್ಲರಲ್ಲೂ ಇದೆ, ಸುಮಾರು 1,300ರಿಂದ 2,500 ರೂಪಾಯಿಯೊಳಗೆ ಸಿಗುತ್ತದೆ. ಇದಕ್ಕಿಂತ ಮೇಲಿನದು ಪಿಯು ಪದರದ ಕೆಳಗೆ ನೈಟ್ರೈಲ್ ರಬ್ಬರ್ ತಳ ಇರುವುದು. ತೂಕ ತುಸು ಹೆಚ್ಚು, ಆದರೆ ಒದ್ದೆ ನೆಲದಲ್ಲಿ ಹಿಡಿತ ಚೆನ್ನಾಗಿದೆ, 300 ಡಿಗ್ರಿ ಬಿಸಿಯನ್ನು ಸ್ವಲ್ಪ ಹೊತ್ತು ತಡೆಯುವ ಎಚ್‌ಆರ್‌ಒ ಗುರುತೂ ಸಾಮಾನ್ಯವಾಗಿ ಇಂಥದ್ದಕ್ಕೇ ಇರುತ್ತದೆ. ಮಳೆಗಾಲದಲ್ಲಿ ಹೊರಗೆ ಓಡಾಡಿ ಕೆಲಸ ಮಾಡುವವರಿಗೆ, ಒಮ್ಮೆ ಕಣಕಾಲು ಮುರಿದವರಿಗೆ, ಹೆಚ್ಚುವರಿ ಹಣ ಇದಕ್ಕೇ ಹಾಕಿ ಎನ್ನುವುದು ನಮ್ಮ ಸಲಹೆ. ಹಾವಸೆ ಕಟ್ಟಿದ ಕೆಂಪುಕಲ್ಲಿನ ಮೇಲೆ ಸವೆದ ಪಿಯು ಸೋಲ್ ಜಾರುತ್ತದೆ, ಈಗಷ್ಟೇ ಕೂಡಿದ ಎಲುಬಿಗೆ ಎರಡನೇ ಸಲದ ಪೆಟ್ಟು ತಡೆಯುವ ಶಕ್ತಿ ಕಡಿಮೆ.

ಪಿಯು ವಿಷಯದಲ್ಲಿ ಕರಾವಳಿಯವರು ಎಲ್ಲರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಈ ವಸ್ತು ಗಾಳಿಯ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ತೇವ ಅದರ ಒಳಗಿನ ಅಣುಗಳ ಸರಪಳಿಯನ್ನೇ ಕಡಿಯುತ್ತದೆ. ಬಿಸಿ ಮತ್ತು ತೇವ ಎರಡೂ ಇರುವಲ್ಲಿ ಇದು ಬೇಗ ನಡೆಯುತ್ತದೆ, ಅಂದರೆ ನಮ್ಮ ಊರಿನ ಗೋದಾಮುಗಳಲ್ಲಿ. ಹಾಕದೆ ಪೆಟ್ಟಿಗೆಯಲ್ಲೇ ಇಟ್ಟ ಶೂ ಕೂಡ ಕೆಲವು ವರ್ಷಗಳಲ್ಲಿ ಒಳಗಿಂದೊಳಗೆ ಹಾಳಾಗಿ, ಹಾಕಿದ ವಾರದಲ್ಲಿ ಸೋಲ್ ನೆನೆದ ಬಿಸ್ಕತ್ತಿನ ಹಾಗೆ ಉದುರುತ್ತದೆ. ಏಣಿಯ ಮೇಲೋ ಮೆಟ್ಟಿಲಲ್ಲೋ ಇರುವಾಗ ತಳ ಕಳಚಿದರೆ ಕಾಲು ತಿರುಚಿಯೇ ತಿರುಚುತ್ತದೆ. ಅದಕ್ಕೆ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ತಯಾರಿಕೆಯ ದಿನಾಂಕ ನೋಡಿ. ನಾಲಿಗೆಯ ಒಳಬದಿಯ ಲೇಬಲ್ಲಿನಲ್ಲೋ ಸೋಲಿನ ಮೇಲಿನ ಸಣ್ಣ ಅಚ್ಚಿನಲ್ಲೋ ತಿಂಗಳು ಮತ್ತು ವರ್ಷ ಇರುತ್ತದೆ. ತಯಾರಾಗಿ ಒಂದು ವರ್ಷ ದಾಟಿದ್ದರೆ ಈ ಹವೆಯಲ್ಲಿ ಬೇಡ. "ಹಳೆ ಸ್ಟಾಕು, ಅರ್ಧ ಬೆಲೆ" ಎಂದರೆ ಖಂಡಿತಾ ಬೇಡ. ದಿನಾಂಕ ಅಳಿಸಿಹೋಗಿದ್ದರೆ ಸೋಲನ್ನು ಬಗ್ಗಿಸಿ ಕೂದಲೆಳೆಯ ಬಿರುಕು ಇದೆಯೇ ನೋಡಿ, ಅಂಚಿಗೆ ಉಗುರು ಒತ್ತಿ. ಗುರುತು ಹಾಗೆಯೇ ಉಳಿದರೆ ಅಥವಾ ಪುಡಿ ಬಂದರೆ ವಾಪಸು ಇಡಿ.

ಇನ್ನು ಕೈಯಲ್ಲಿ ಹಿಡಿದು ಮಾಡುವ ಪರೀಕ್ಷೆ. ಹಿಮ್ಮಡಿಯ ಹಿಂಭಾಗವನ್ನು ಎರಡೂ ಕಡೆಯಿಂದ ಹಿಸುಕಿ, ಒಳಕ್ಕೆ ಮಡಚಿಕೊಳ್ಳಬಾರದು. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ, ಸ್ವಲ್ಪವೇ ತಿರುಗಬೇಕು. ಆಮೇಲೆ ಬಗ್ಗಿಸಿ: ಬಾಗುವುದು ಬೆರಳಿನ ಬುಡದಲ್ಲಿ, ಪಾದದ ನಡುವಿನಲ್ಲಲ್ಲ. ನಡುವೆ ಬಾಗಿದರೆ ಒಳಗೆ ನಡುಭಾಗವನ್ನು ಗಟ್ಟಿ ಹಿಡಿಯುವ ಶ್ಯಾಂಕ್ ಪಟ್ಟಿ ಇಲ್ಲ, ಅಥವಾ ಇದ್ದರೂ ಪ್ರಯೋಜನಕ್ಕಿಲ್ಲ. ಕೊನೆಗೆ ಸಮತಟ್ಟಾದ ಮೇಜಿನ ಮೇಲೆ ಇಟ್ಟು ಪಕ್ಕದಿಂದ ನೋಡಿ. ಮುಂತುದಿ ನೆಲದಿಂದ ಮೇಲೆದ್ದಿರಬೇಕು, ಕಿರುಬೆರಳು ತೂರುವಷ್ಟು ಸಂದು ಇದ್ದರೆ ಒಳ್ಳೆಯದು. ಕಣಕಾಲು ಪೂರ್ತಿ ಬಾಗದವರಿಗೆ, ಪಾದದ ಉದ್ದೆಲುಬು ಮುರಿದಿದ್ದವರಿಗೆ, ಹೆಜ್ಜೆ ಮುಂದಕ್ಕೆ ಉರುಳುವುದು ಈ ಬಾಗಿನಿಂದಲೇ.

ಅಳತೆಗೆ ಸಂಜೆಯೇ ಹೋಗಿ. ಬೆಳಿಗ್ಗೆ ಸರಿಯಾದ ಶೂ ಸಂಜೆಗೆ ಕಚ್ಚುತ್ತದೆ, ಮುರಿದ ಕಾಲಿನಲ್ಲಿ ಊತ ತಿಂಗಳುಗಟ್ಟಲೆ ಇರುವುದು ಸಾಮಾನ್ಯ. ಎರಡೂ ಪಾದಗಳನ್ನು ಕಾಗದದ ಮೇಲೆ ನಿಂತೇ ಗೆರೆ ಎಳೆದು ಅಳೆಯಿರಿ, ಕುಳಿತು ಅಳೆದರೆ ಉದ್ದ ಕಡಿಮೆ ಬರುತ್ತದೆ. ಅತಿ ಉದ್ದದ ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್ ಬಿಡುವು ಇರಲಿ. ನಮ್ಮಲ್ಲಿ ನಡೆಯುವ ಯುಕೆ ಸೈಜಿನಲ್ಲಿ ಒಂದು ನಂಬರಿಗೆ ಇನ್ನೊಂದಕ್ಕೆ ವ್ಯತ್ಯಾಸ ಸುಮಾರು 8.5 ಮಿಲಿಮೀಟರ್, ಸೇಫ್ಟಿ ಶೂಗಳಲ್ಲಿ ಅರ್ಧ ನಂಬರು ಸಿಗುವುದು ಅಪರೂಪ. ದೊಡ್ಡ ಕಾಲಿಗೆ ಸರಿಯಾಗುವುದನ್ನೇ ತೆಗೆದುಕೊಂಡು ಇನ್ನೊಂದು ಕಾಲಿನದ್ದನ್ನು ತೆಳು ಇನ್‌ಸೋಲಿನಿಂದ ತುಂಬಿಸಿ. ಚರ್ಮ ಸ್ವಲ್ಪ ಹಿಗ್ಗುತ್ತದೆ, ಮುಂದಿನ ಸ್ಟೀಲ್ ಟೋಪಿ ಒಂದು ಕೂದಲಿನಷ್ಟೂ ಹಿಗ್ಗುವುದಿಲ್ಲ. "ಹಾಕ್ತಾ ಹಾಕ್ತಾ ಸರಿಯಾಗ್ತದೆ" ಎಂಬ ಮಾತು ಆ ಭಾಗಕ್ಕೆ ಅನ್ವಯಿಸದು.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ಪೆಟ್ಟಿನಲ್ಲಿ ನರ ಹೋಗಿ ಸ್ಪರ್ಶ ಕಡಿಮೆಯಾದವರು "ಹಿತವಾಗಿದೆಯೇ" ಎಂಬ ಅನುಭವವನ್ನು ನಂಬಬಾರದು. ಕೈ ಒಳಗೆ ಹಾಕಿ ಹೊಲಿಗೆ, ಅಂಚು, ಮೊಳೆ ತಡಕಬೇಕು. ಹದಿನೈದು ನಿಮಿಷ ಹಾಕಿ ತೆಗೆದ ಮೇಲೆ ಚರ್ಮದಲ್ಲಿ ಕೆಂಪು ಗುರುತು ಎಲ್ಲಿ ಬಿದ್ದಿದೆ ಎಂದು ನೋಡಬೇಕು. ಇವರು ವೈದ್ಯರ ಮಾತು ಕೇಳದೆ ಸೇಫ್ಟಿ ಶೂ ಕೊಳ್ಳದಿರುವುದೇ ಒಳ್ಳೆಯದು.

ಸ್ಟೀಲ್ ಟೋ ನಿಜಕ್ಕೂ ಬೇಕೇ? ಭಾರತೀಯ ಮಾನಕ ಐಎಸ್ 15298ರ 2ನೇ ಭಾಗದ ಸೇಫ್ಟಿ ಶೂ 200 ಜೂಲ್ ಹೊಡೆತ ತಡೆಯಬೇಕು, ಅಂದರೆ ಸುಮಾರು 20 ಕಿಲೋ ತೂಕ ಒಂದು ಮೀಟರ್ ಮೇಲಿಂದ ಬಿದ್ದಷ್ಟು. 3ನೇ ಭಾಗದ್ದು 100 ಜೂಲ್. 4ನೇ ಭಾಗ ಟೋಪಿ ಇಲ್ಲದ ಆಕ್ಯುಪೇಷನಲ್ ಶೂ. ಕಂಟೇನರ್, ಕಬ್ಬಿಣ, ಸಿಲಿಂಡರ್ ಇರುವಲ್ಲಿ 2ನೇ ಭಾಗದ್ದೇ ಬೇಕು, ಅದರಲ್ಲಿ ರಾಜಿ ಇಲ್ಲ. ಸೆಕ್ಯುರಿಟಿ, ಬಿಲ್ಲಿಂಗ್ ಕೌಂಟರ್, ಪೆಟ್ರೋಲ್ ಪಂಪು, ಲ್ಯಾಬ್ ಇಂಥ ಕಡೆ ಟೋಪಿಯಿಲ್ಲದ್ದು ಸಾಕು, ಬೆರಳುಗಳಿಗೆ ಜಾಗವೂ ಹೆಚ್ಚು. ಟೋ ಇರಲೇಬೇಕೆಂದಾದರೆ ಅಂಗಡಿಯಲ್ಲೇ ಪೂರ್ತಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಟೋಪಿಯ ಹಿಂದಿನ ಅಂಚು ಪಾದದ ಮೇಲ್ಭಾಗಕ್ಕೆ ಒತ್ತುವುದು ಆಗಲೇ ಗೊತ್ತಾಗುವುದು, ನಿಂತಾಗ ಗೊತ್ತಾಗದು. ಲೋಹವಲ್ಲದ ಕಾಂಪೊಸಿಟ್ ಟೋ ಹಗುರ ಹೌದು, ಆದರೆ ಅದೇ ಬಲಕ್ಕೆ ದಪ್ಪ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಅಗಲ ಪಾದದವರು ಹಾಕಿ ನೋಡದೆ ಆನ್‌ಲೈನಿನಲ್ಲಿ ತರಿಸಬೇಡಿ. ಯಾವುದೇ ಇರಲಿ, ಐಎಸ್‌ಐ ಗುರುತು ಇಲ್ಲದ್ದು ಮುಟ್ಟಬೇಡಿ.

ಕಣಕಾಲಿನ ಹೊರಬದಿಗೆ ಪ್ಲೇಟ್, ಸ್ಕ್ರೂ ಹಾಕಿಸಿಕೊಂಡವರ ವಿಷಯ ಬೇರೆಯೇ. ಎಲ್ಲರೂ ಅವರಿಗೆ ಎತ್ತರದ ಬೂಟು ಹೇಳುತ್ತಾರೆ. ಆದರೆ ಮಾಮೂಲಿ ಆ್ಯಂಕಲ್ ಬೂಟಿನ ಕಾಲರ್ ಮುಗಿಯುವುದು ಸರಿಯಾಗಿ ಪ್ಲೇಟಿನ ಮೇಲೆ. ಚರ್ಮ ತೆಳುವಾಗಿರುವ ಆ ಜಾಗದಲ್ಲಿ ದಿನವಿಡೀ ಉಜ್ಜಿದರೆ ಹುಣ್ಣಾಗುತ್ತದೆ. ಇಂಥವರಿಗೆ ಒಂದೋ ಗಂಟಿನ ಕೆಳಗೇ ನಿಲ್ಲುವ ಲೋ ಕಟ್, ಇಲ್ಲವೇ ಪ್ಲೇಟನ್ನು ದಾಟಿ ಮೇಲೆ ಹೋಗುವ, ದಪ್ಪ ಮೆತ್ತೆಯ ಕಾಲರಿನ ಉದ್ದ ಬೂಟು. ನಡುವಿನ ಎತ್ತರದ್ದು ಬೇಡ. ಪದೇ ಪದೇ ಕಾಲು ಉಳುಕುವವರಿಗೆ, ಪ್ಲೇಟ್ ಇಲ್ಲದಿದ್ದರೆ, ಆ್ಯಂಕಲ್ ಬೂಟೇ ಸರಿ, ಲೇಸು ಮಾತ್ರ ಕೊನೆಯ ತೂತಿನವರೆಗೂ ಕಟ್ಟಬೇಕು.

ಹಿಮ್ಮಡಿ ನೋವು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನ (ಅಕಿಲಿಸ್) ನೋವು ಇರುವವರಿಗೆ ಹಿಂಭಾಗ ಮುಂಭಾಗಕ್ಕಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುವ ಶೂ ಹಿತ. ಪೂರ್ತಿ ಚಪ್ಪಟೆ ತಳ ಆ ಸ್ನಾಯುರಜ್ಜುವನ್ನು ದಿನವಿಡೀ ಎಳೆದಿಡುತ್ತದೆ. ಎಲುಬು ಕೂಡಿದ ಮೇಲೆ ಒಂದು ಕಾಲು ಗಿಡ್ಡವಾಗಿದ್ದರೆ ಶೂ ಒಳಗೆ ಹಾಕುವ ಎತ್ತರ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಅದಕ್ಕಿಂತ ಹೆಚ್ಚಾದರೆ ಹಿಮ್ಮಡಿ ಶೂವಿನಿಂದ ಮೇಲೆದ್ದು ಬರುತ್ತದೆ, ಹೊರಗಿನ ಸೋಲನ್ನೇ ಎತ್ತರಿಸಬೇಕು. ಅದನ್ನು ಮಾಡಬೇಕಾದವರು ಆರ್ಥೋಟಿಸ್ಟ್ (ಕೈಕಾಲಿಗೆ ಆಧಾರದ ಸಾಧನ ಮಾಡಿಕೊಡುವವರು), ಎಷ್ಟು ಎಂದು ಹೇಳಬೇಕಾದವರು ಮೂಳೆ ವೈದ್ಯರು.

ಇನ್‌ಸೋಲ್ ಬದಲಿಸುವಾಗ ಹೆಚ್ಚಿನವರು ಹಳೆಯದರ ಮೇಲೆಯೇ ಹೊಸದು ಹಾಕುತ್ತಾರೆ. ಪಾದ ಮೇಲೆದ್ದು ಬೆರಳುಗಳು ಟೋಪಿಗೆ ತಾಗುತ್ತವೆ, ಹಿಮ್ಮಡಿಯ ಹಿಡಿತವೂ ಹೋಗುತ್ತದೆ. ಹಳೆಯದನ್ನು ತೆಗೆದು, ಅದನ್ನೇ ಅಳತೆಗೆ ಇಟ್ಟು ಹೊಸದನ್ನು ಮುಂದಿನಿಂದ ಮಾತ್ರ ಕತ್ತರಿಸಿ. ಇವಿಎ ಎಂಬ ಫೋಮಿನ ಇನ್‌ಸೋಲ್ ಹಗುರ, ಆದರೆ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಪಿಯು ಫೋಮಿನದ್ದು ಹೆಚ್ಚು ಬಾಳುತ್ತದೆ. ಸಿಲಿಕಾನ್ ಹೀಲ್ ಕಪ್ ಬರೀ ಹಿಮ್ಮಡಿ ನೋವಿಗೆ ಪರವಾಗಿಲ್ಲ, ಅಲುಗಾಡುವ ಕಣಕಾಲಿಗೆ ಸಲ್ಲದು. ಎಣ್ಣೆ, ಗ್ಯಾಸ್ ಇರುವ ಘಟಕಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಗಮನಿಸಬೇಕು: ಆ್ಯಂಟಿಸ್ಟ್ಯಾಟಿಕ್ ಶೂ ಮೈಯ ವಿದ್ಯುತ್ತನ್ನು ನೆಲಕ್ಕೆ ಇಳಿಸುವುದು ಇನ್‌ಸೋಲಿನ ಮೂಲಕವೇ. ಸಿಲಿಕಾನಿನದ್ದೋ ಮಾಮೂಲಿ ಫೋಮಿನದ್ದೋ ಹಾಕಿದರೆ ಆ ದಾರಿ ಮುಚ್ಚಿದಂತೆ. ಅದೇ ಕಂಪನಿಯ ಆ್ಯಂಟಿಸ್ಟ್ಯಾಟಿಕ್ ಇನ್‌ಸೋಲ್ ಕೇಳಿ, ಸೇಫ್ಟಿ ಆಫೀಸರಿಗೆ ತೋರಿಸಿಯೇ ಹಾಕಿ.

ಉಡುಪಿಯ ಹೋಟೆಲ್ ಅಡುಗೆಮನೆಗಳಲ್ಲಿ ನೆಲ ಒದ್ದೆ, ಮೇಲೆ ಎಣ್ಣೆ. ಇಲ್ಲಿ ಬೇಕಾದದ್ದು ಜಾರದ ರಬ್ಬರ್ ತಳ, ನೀರು ಕುಡಿಯದ ಮೈಕ್ರೋಫೈಬರ್ ಮೈ. ಲೇಬಲ್ಲಿನಲ್ಲಿ ಎಸ್‌ಆರ್‌ಸಿ ಎಂದಿದ್ದರೆ ಸೋಪುನೀರಿನ ಟೈಲ್ಸ್ ಮತ್ತು ಗ್ಲಿಸರಿನ್ ಸವರಿದ ಉಕ್ಕು ಎರಡರ ಮೇಲೂ ಪರೀಕ್ಷೆಯಾಗಿದೆ ಎಂದರ್ಥ. ಎಸ್‌ಆರ್‌ಎ ಎಂದರೆ ಮೊದಲನೆಯದು ಮಾತ್ರ. ಹಿಂದೆ ಪಟ್ಟಿ ಇಲ್ಲದ ಕ್ಲಾಗ್ ಬೇಡ, ಕಳಚದಂತೆ ಬೆರಳುಗಳು ಸದಾ ಮುದುಡಿ ಹಿಡಿದಿರಬೇಕಾಗುತ್ತದೆ. ಮಲ್ಪೆಯ ಮೀನಿನ ಘಟಕಗಳಲ್ಲಿ, ಐಸ್ ಪ್ಲಾಂಟುಗಳಲ್ಲಿ ಗಮ್‌ಬೂಟು ತಪ್ಪಿದ್ದಲ್ಲ, ಆದರೆ ಪಿವಿಸಿ ಗಮ್‌ಬೂಟಿನಷ್ಟು ಪೆಟ್ಟಾದ ಕಾಲಿಗೆ ಒಗ್ಗದ್ದು ಇನ್ನೊಂದಿಲ್ಲ: ಭಾರ, ಚಪ್ಪಟೆ, ಹಿಮ್ಮಡಿಗೆ ಹಿಡಿತವಿಲ್ಲ. ಹಗುರವಾದ ಪಿಯು ಗಮ್‌ಬೂಟು ಬೆಲೆಯಲ್ಲಿ ಹಲವು ಪಟ್ಟು, ಆದರೂ ಅದೇ ಸರಿ. ಆಗದಿದ್ದರೆ ಗಟ್ಟಿ ಇನ್‌ಸೋಲ್ ಮತ್ತು ದಪ್ಪ ಸಾಕ್ಸಿನಿಂದ ಒಳಗಿನ ಸಡಿಲ ತುಂಬಿಸಿ.

ಹೆಂಗಸರಿಗೆ ಸಿಗುವ ಆಯ್ಕೆ ಬೇಸರ ತರಿಸುವಷ್ಟು ಕಡಿಮೆ. ಗೇರುಬೀಜದ, ಮೀನಿನ ಘಟಕಗಳಲ್ಲಿ ದಿನವಿಡೀ ನಿಲ್ಲುವವರಲ್ಲಿ ಅವರೇ ಹೆಚ್ಚು, ಅಂಗಡಿಯಲ್ಲಿ ಇರುವುದು ಗಂಡಸರ 6ರಿಂದ 10. ಗಂಡಸರ ಅಚ್ಚಿನ ಸಣ್ಣ ನಂಬರಿನಲ್ಲಿ ಹಿಮ್ಮಡಿ ಅಗಲವಾಗಿ ಕಾಲು ಜಾರುತ್ತದೆ. ಹೆಂಗಸರ ಅಚ್ಚಿನದ್ದನ್ನು ದೊಡ್ಡ ಕಂಪನಿಗಳು ಮಾಡುತ್ತವೆ. ಡೀಲರ್ ಹತ್ತಿರ ಹೇಳಿ ತರಿಸಿ, ಇದ್ದುದರಲ್ಲಿ ಹೊಂದಿಸಿಕೊಳ್ಳಬೇಡಿ.

ಪಾದದ ಮೇಲ್ಭಾಗದಲ್ಲಿ ನೋವಿದ್ದರೆ ಆ ಜಾಗದ ಮೇಲೆ ಲೇಸನ್ನು ಅಡ್ಡ ಹಾಯಿಸದೆ, ಅದೇ ಬದಿಯಲ್ಲಿ ಒಂದು ತೂತಿನಿಂದ ಮೇಲಿನ ತೂತಿಗೆ ನೇರ ಒಯ್ದು ಆಮೇಲೆ ಅಡ್ಡ ಹಾಕಿ. ಹಿಮ್ಮಡಿ ಏಳುತ್ತಿದ್ದರೆ ಕೊನೆಯ ಎರಡು ತೂತುಗಳ ನಡುವೆ ಎರಡೂ ಬದಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿ. ಮಧ್ಯಾಹ್ನ ಊಟದ ಹೊತ್ತಿಗೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು ರೂಢಿಯಾಗಲಿ, ಸಾಕ್ಸೂ ಆಗಲೇ ಬದಲಿಸಿ. ಬರೀ ಹತ್ತಿಯ ಸಾಕ್ಸು ಬೆವರು ಹಿಡಿದಿಟ್ಟು ಚರ್ಮವನ್ನು ಮೆದುಮಾಡುತ್ತದೆ, ನೈಲಾನ್ ಬೆರೆತ ದಪ್ಪನೆಯದು ನಮ್ಮ ಹವೆಗೆ ವಾಸಿ.

ಆಟಿ ತಿಂಗಳ ಮಳೆಯಲ್ಲಿ ಒಂದು ಜೋಡಿ ಸಾಲದು. ಒದ್ದೆಯಾದ ಚರ್ಮದ ಶೂ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಮೂರನೇ ದಿನ ಬೂಷ್ಟು ಹಿಡಿಯುತ್ತದೆ. ಎರಡು ಜೋಡಿ ಇಟ್ಟು ದಿನ ಬಿಟ್ಟು ದಿನ ಹಾಕಿ. ಇನ್‌ಸೋಲ್ ಹೊರತೆಗೆದು, ಒಳಗೆ ಉದಯವಾಣಿಯ ಹಳೆ ಪುಟಗಳನ್ನು ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗಿಡಿ. ಒಲೆಯ ಪಕ್ಕ, ಬಚ್ಚಲ ಹಂಡೆಯ ಹತ್ತಿರ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.

ಹೊಸದನ್ನು ಮೊದಲ ದಿನವೇ ಡ್ಯೂಟಿಗೆ ಹಾಕಿ ಹೋಗಬೇಡಿ. ಮನೆಯೊಳಗೆ, ತೊಳೆದ ನೆಲದ ಮೇಲೆ, ಮೊದಲ ಸಂಜೆ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದು ವಾರ. ಸೋಲಿಗೆ ಮಣ್ಣು ತಾಗದಿದ್ದರೆ ಬದಲಿಸಿಕೊಡುವ ಅಂಗಡಿಗಳಿವೆ, ಹಣ ಕೊಡುವ ಮೊದಲೇ ಅದನ್ನು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈ ವಾರದಲ್ಲಿ ಶೂ ತೆಗೆದ ಮೇಲೂ ಅರ್ಧ ಗಂಟೆಯೊಳಗೆ ನೋವು ಇಳಿಯದಿದ್ದರೆ, ಅಥವಾ ಪೆಟ್ಟಾದ ಜಾಗ ಕೆಂಪಾಗಿ ಬಿಸಿಯಾದರೆ, ಇನ್ನೊಂದು ಶೂ ಹುಡುಕುವ ಬದಲು ನಿಮ್ಮ ಮೂಳೆ ವೈದ್ಯರಿಗೋ ಫಿಸಿಯೋಥೆರಪಿಯವರಿಗೋ ತೋರಿಸಿ, ಹೋಗುವಾಗ ಶೂವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.