ಟ್ರೈನಿಂಗ್ ಸಲಹೆಗೆ ದುಡ್ಡು ಕೊಡುವ ಮೊದಲು, ಸಲಹೆ ಕೊಡುವವನ ತಂಡ ಯಾವುದೆಂದು ಕೇಳಿ

ಬಝರ್‌ಬೀಟರ್ ಎಂಬ, ಕಾಲ್ಪನಿಕ ತಂಡವೊಂದನ್ನು ನಡೆಸುವ ಆನ್‌ಲೈನ್ ಬಾಸ್ಕೆಟ್‌ಬಾಲ್ ಮ್ಯಾನೇಜರ್ ಆಟಕ್ಕೆ ಹೊಸದಾಗಿ ಸೇರಿ, ಆಟಗಾರರನ್ನು ತರಬೇತಿಗೊಳಿಸುವ ಬಗೆ ತಿಳಿಯದೆ ಒದ್ದಾಡುತ್ತಿರುವವರಿಗೆ ಟೆಲಿಗ್ರಾಂನಲ್ಲಿ ಕನ್ನಡದಲ್ಲೇ ಸಂದೇಶ ಕಳಿಸಿ, ‘ಸೀಸನ್ ಪ್ಲ್ಯಾನ್’ ಮಾಡಿಕೊಡುತ್ತೇನೆಂದು ಯುಪಿಐ ಮೂಲಕ ಹಣ ಪಡೆಯುವ ವ್ಯಕ್ತಿಯೊಬ್ಬನಿದ್ದಾನೆ. ನನ್ನಿಂದ ಆತ ಪಡೆದದ್ದು ₹1,500. ಹಣ ಹೋದರೆ ಹೋಗಲಿ ಎಂದುಕೊಳ್ಳಬಹುದಿತ್ತು. ಆದರೆ ನನ್ನ ತಂಡದಲ್ಲಿದ್ದ ಒಬ್ಬನೇ ಒಬ್ಬ ಒಳ್ಳೆಯ ಹುಡುಗನನ್ನು ನನ್ನ ಕೈಯಿಂದಲೇ ಮಾರಿಸಿ, ಅವನನ್ನು ತಾನೇ ಕೊಂಡು, ತನಗೆ ಬೇಡವಾದ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ) ಆಟಗಾರನನ್ನು ನನ್ನ ಕೊರಳಿಗೆ ಕಟ್ಟಿ, ಅದಕ್ಕೆ ನನ್ನಿಂದಲೇ ಫೀಸು ಪಡೆದನಲ್ಲ, ಅದನ್ನು ಹೇಗೆ ನುಂಗಿಕೊಳ್ಳುವುದು?

ಆಟ ಬಲ್ಲವರಿಗೆ ಇದು ಗೊತ್ತೇ ಇದೆ, ಹೊಸಬರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿ ವಾರಕ್ಕೆ ಒಂದೇ ಕೌಶಲವನ್ನು ಆರಿಸಿ ತರಬೇತಿ ಕೊಡಬೇಕು, ಫಲಿತಾಂಶ ಶುಕ್ರವಾರ ಬರುತ್ತದೆ. ಆ ವಾರದ ಪಂದ್ಯಗಳಲ್ಲಿ ಆಟಗಾರ ನಾವು ಆರಿಸಿದ ಸ್ಥಾನದಲ್ಲಿ ಒಟ್ಟು 48 ನಿಮಿಷ ಆಡಿದ್ದರೆ ಮಾತ್ರ ತರಬೇತಿ ಪೂರ್ತಿ ದಕ್ಕುತ್ತದೆ. ವಾರಕ್ಕೆ ಮೂರು ಪಂದ್ಯವಾದ್ದರಿಂದ, ಒಂದೇ ಸ್ಥಾನಕ್ಕೆ ತರಬೇತಿ ಇಟ್ಟರೆ ಮೂವರಿಗೆ ಪೂರ್ತಿ ಲಾಭ ಸಿಗುತ್ತದೆ. ಎರಡು ಸ್ಥಾನಕ್ಕೆ ಹಂಚಿದರೆ ಹೆಚ್ಚು ಜನರಿಗೆ ಸಿಗುತ್ತದೆ, ಆದರೆ ತಲಾ ಪಾಲು ತೆಳುವಾಗುತ್ತದೆ. ಎತ್ತರದವರು ರೀಬೌಂಡಿಂಗ್ (ಗುರಿತಪ್ಪಿ ಮರಳಿದ ಚೆಂಡು ಹಿಡಿಯುವುದು), ಇನ್‌ಸೈಡ್ ಶಾಟ್‌ (ಬುಟ್ಟಿಯ ಹತ್ತಿರದ ಎಸೆತ) ಇಂಥವನ್ನು ಬೇಗ ಕಲಿಯುತ್ತಾರೆ. ಗಿಡ್ಡವರು ಪಾಸಿಂಗ್, ಹ್ಯಾಂಡ್ಲಿಂಗ್ ಬೇಗ ಕಲಿಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ವಯಸ್ಸು. 18–19ರ ಹುಡುಗ ಕಲಿಯುವ ವೇಗಕ್ಕೂ 27ರವನ ವೇಗಕ್ಕೂ ಹೋಲಿಕೆಯೇ ಇಲ್ಲ.

ನನಗೆ ಆಗ ಇದರಲ್ಲಿ ಅರ್ಧವೂ ತಿಳಿದಿರಲಿಲ್ಲ. ಈ ಆಟದವರ ಟೆಲಿಗ್ರಾಂ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ ಕೂಡಲೇ ಆತ ಖಾಸಗಿಯಾಗಿ ಸಂದೇಶ ಕಳಿಸಿದ. ಮಾತು ಬಹಳ ಮರ್ಯಾದೆಯದು, ಪ್ರತಿ ಸಾಲಿಗೂ ‘ಸರ್’. “ಸರ್, ನಿಮ್ ಟೀಮ್ ನೋಡ್ದೆ. ಟ್ರೈನಿಂಗ್ ಪೂರ್ತಿ ವೇಸ್ಟ್ ಆಗ್ತಿದೆ. ಒಂದು ಸೀಸನ್ ನಾನು ಹೇಳ್ದಂಗೆ ಮಾಡಿ, ಆಮೇಲೆ ನೋಡಿ” ಎಂದು ಬರೆದಿದ್ದ. ಹಣ ಸಂದಾಯವಾದ ಮರುಕ್ಷಣವೇ ಮೊದಲ ಸೂಚನೆ ಬಂತು: ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳಿಗೆ ಹಂಚುವ ಆಯ್ಕೆಯಲ್ಲಿ) ಸಿಕ್ಕ ಹುಡುಗನನ್ನು ಮಾರಬೇಕು.

ಆ ಹುಡುಗನಿಗೆ 18 ವರ್ಷ, ಎತ್ತರ ಆರಡಿ ಹನ್ನೊಂದು ಇಂಚು, ಪೊಟೆನ್ಶಿಯಲ್, ಅಂದರೆ ಎಷ್ಟರ ಮಟ್ಟಿಗೆ ಬೆಳೆಯಬಲ್ಲನೆಂಬ ಮಿತಿ, ಆಲ್‌ಸ್ಟಾರ್. ಬಲ್ಲವರು ಇಷ್ಟು ಓದಿದರೆ ಸಾಕು, ಹಣೆ ಚಚ್ಚಿಕೊಳ್ಳುತ್ತಾರೆ. “ಇವ್ನು ಬೆಳೆಯೋಕೆ ಮೂರ್ನಾಲ್ಕು ಸೀಸನ್ ಬೇಕು ಸರ್, ನಿಮ್ಗೆ ಈಗ್ಲೇ ಗೆಲ್ಲೋರು ಬೇಕು” ಎಂದ. ಕಡಿಮೆ ಬೆಲೆಯಿಂದ ಹರಾಜು ಆರಂಭಿಸಿ, ಬಿಡ್ ತಾನಾಗಿ ಏರುತ್ತದೆ ಎಂದ. ಹರಾಜು ನಮ್ಮ ಬೆಳಗಿನ ಜಾವ ಐದಕ್ಕೆ ಮುಗಿಯುವಂತೆ ಪಟ್ಟಿಗೆ ಹಾಕಬೇಕು, ಆ ಹೊತ್ತಿಗೆ ಯುರೋಪಿನವರೆಲ್ಲ ಆನ್‌ಲೈನ್ ಇರುತ್ತಾರೆ ಎಂದೂ ಹೇಳಿದ. ನಮ್ಮಲ್ಲಿ ಐದು ಗಂಟೆಯಾದಾಗ ಮಧ್ಯ ಯುರೋಪಿನಲ್ಲಿ ನಡುರಾತ್ರಿ ದಾಟಿರುತ್ತದೆ! ಹುಡುಗ ಪುಡಿಗಾಸಿಗೆ ಹೋದ. “ಮಾರ್ಕೆಟ್ ಈಗ ಡಲ್ ಸರ್, ಬಿಡಿ” ಎಂಬುದು ಆತನ ಸಮಾಧಾನದ ಮಾತು.

ಎರಡನೆಯ ಸೂಚನೆ, ಮಾರುಕಟ್ಟೆಯಲ್ಲಿದ್ದ ಒಬ್ಬ 27 ವರ್ಷದ ಸೆಂಟರ್‌ನನ್ನು ಕೊಳ್ಳುವುದು. ಕೊಂಡಿಯನ್ನೂ ಆತನೇ ಕಳಿಸಿದ. ಡಿಎಂಐ ಎಷ್ಟು ದೊಡ್ಡದಿದೆ ನೋಡಿ ಎಂದು ಆ ಸಂಖ್ಯೆಗೆ ಕೆಂಪು ಗುಂಡು ಸುತ್ತಿದ ಸ್ಕ್ರೀನ್‌ಶಾಟ್ ಬೇರೆ. ಡಿಎಂಐ ಎನ್ನುವುದು ಆಟಗಾರನ ಸಂಬಳದೊಂದಿಗೂ ಆ ವಾರದ ಫಾರ್ಮ್‌ನೊಂದಿಗೂ ಏರಿಳಿಯುವ ಅಂಕಿ. ಅದು ದೊಡ್ಡದಿದ್ದ ಮಾತ್ರಕ್ಕೆ ಅವನು ಇನ್ನೂ ಕಲಿಯಬಲ್ಲನೆಂದು ಅರ್ಥವಲ್ಲ. ಪೊಟೆನ್ಶಿಯಲ್ ‘ಸ್ಟಾರ್ಟರ್’ (ಆಲ್‌ಸ್ಟಾರ್‌ಗಿಂತ ಕೆಳಗಿನ ಮಟ್ಟ) ಎಂದಿದೆಯಲ್ಲ, ಪರವಾಗಿಲ್ಲವೇ ಎಂದು ನಾನು ಕೇಳಿದ್ದೆ. ಆ ಸಂದೇಶ ಈಗಲೂ ನನ್ನ ಫೋನಿನಲ್ಲಿದೆ, ಅದರ ಕೆಳಗೆ ಆತನ ಉತ್ತರವೂ ಇದೆ: “ಪೊಟೆನ್ಶಿಯಲ್ ಎಲ್ಲ ನ್ಯಾಷನಲ್ ಟೀಮ್ ತಲೆನೋವು ಸರ್. ನಮ್ ಲೆವೆಲ್‌ಗೆ ಅದನ್ನ ನೋಡೋದೇ ಬೇಡ.” ಈ ಮಾತಿನಲ್ಲಿ ಅರ್ಧ ಸತ್ಯವಿರುವುದೇ ಇದರ ವಿಷ. ಕೆಳಗಿನ ಲೀಗಿನ ತಂಡಕ್ಕೆ ಅತ್ಯುನ್ನತ ಪೊಟೆನ್ಶಿಯಲ್‌ನ ಆಟಗಾರ ಬೇಕಾಗಿಲ್ಲ, ನಿಜ. ಆದರೆ ತನ್ನ ಪೊಟೆನ್ಶಿಯಲ್‌ನ ಮಿತಿಯನ್ನು ಆಗಲೇ ಮುಟ್ಟಿ ಕೂತವನಿಗೆ ಎಷ್ಟು ತರಬೇತಿ ಕೊಟ್ಟರೂ ಹೆಚ್ಚೇನೂ ಏರುವುದಿಲ್ಲ ಎಂಬ ಉಳಿದರ್ಧವನ್ನು ಆತ ಹೇಳಲೇ ಇಲ್ಲ.

ಮೊದಮೊದಲು ಸ್ಟ್ಯಾಮಿನಾ ತರಬೇತಿ ಇಡಿಸಿದ. ತಂಡಕ್ಕೆ ‘ಫೌಂಡೇಶನ್’ ಅಂತೆ. ಸ್ಟ್ಯಾಮಿನಾ ಇಟ್ಟ ವಾರ ಬೇರೆ ಕೌಶಲ ಏರಲಿಲ್ಲವೆಂದು ಯಾರೂ ಅನುಮಾನಪಡುವುದಿಲ್ಲ, ಅದೇ ಉಪಾಯ. ಆಮೇಲೆ ಸೆಂಟರ್ ಸ್ಥಾನಕ್ಕೆ ಇನ್‌ಸೈಡ್ ಡಿಫೆನ್ಸ್ ಇಟ್ಟು, ಆ ಮಹಾಶಯನಿಗೆ 48 ನಿಮಿಷ ತುಂಬಿಸಿ ಶುಕ್ರವಾರಕ್ಕಾಗಿ ಕಾದೆ. ಏನೂ ಏರಲಿಲ್ಲ. ಮುಂದಿನ ಶುಕ್ರವಾರವೂ ಏನೂ ಇಲ್ಲ. ಕೇಳಿದರೆ “ಟ್ರೈನರ್ ಲೆವೆಲ್ ಕಮ್ಮಿ ಇದೆ ಸರ್, ಒಳ್ಳೆ ಟ್ರೈನರ್ ತಗೊಳ್ಳಿ” ಎಂದ. ಅದನ್ನೂ ಕೊಂಡೆ. ಅಷ್ಟರಲ್ಲಿ ತಂಡದ ಸಂಬಳದ ಅರ್ಧಕ್ಕಿಂತ ಹೆಚ್ಚು ಆ ಒಬ್ಬನಿಗೇ ಹೋಗುತ್ತಿತ್ತು, ಸೋಮವಾರ ಆಟ ತೋರಿಸುವ ಹಣದ ಲೆಕ್ಕದಲ್ಲಿ ವಾರವಾರವೂ ನಷ್ಟ ಕಾಣಿಸುತ್ತಿತ್ತು. ಈ ಆಟದಲ್ಲಿ ಬಲಿತ ಸೆಂಟರ್‌ಗಳ ಸಂಬಳ ಎಷ್ಟೆಂಬುದು ಸಾಕಿದವರಿಗೇ ಗೊತ್ತು.

ವಿಷಯ ಬಯಲಾದದ್ದು ಆತನ ಬಾಯಿಂದಲೇ. ಒಂದು ಸಂಜೆ ಗುಂಪಿನಲ್ಲಿ ತನ್ನ ‘ಟ್ರೈನೀ’ಯ ಚಿತ್ರ ಹಾಕಿ, ನೋಡಿ ನನ್ನ ಹುಡುಗ ಹೇಗೆ ಏರುತ್ತಿದ್ದಾನೆ ಎಂದು ಬೀಗಿದ. ಚಿತ್ರದ ಮೇಲ್ಭಾಗ ಕತ್ತರಿಸಿದ್ದ, ಹೆಸರಿರಲಿಲ್ಲ. ಆದರೆ ಆರಡಿ ಹನ್ನೊಂದು ಇಂಚು, ಆಲ್‌ಸ್ಟಾರ್, ಮತ್ತು ನಾನು ದಿನಾ ನೋಡಿ ನೋಡಿ ಬಾಯಿಪಾಠವಾಗಿದ್ದ ಆ ಕಳಪೆ ಫ್ರೀ ಥ್ರೋ ಅಂಕಿ, ಎಲ್ಲ ಹಾಗೆಯೇ ಇದ್ದವು. ರೀಬೌಂಡಿಂಗ್ ಮತ್ತು ಇನ್‌ಸೈಡ್ ಶಾಟ್ ಮಾತ್ರ ಮೇಲೇರಿದ್ದವು. ಕೈ ನಡುಗುತ್ತಲೇ ನನ್ನ ತಂಡದ ವರ್ಗಾವಣೆ ಇತಿಹಾಸ ತೆರೆದೆ. ಹುಡುಗನನ್ನು ಕೊಂಡ ತಂಡದ ಹೆಸರೂ, ನನಗೆ ಸೆಂಟರ್‌ನನ್ನು ಮಾರಿದ ತಂಡದ ಹೆಸರೂ ಒಂದೇ. ಮೇಲಿನ ಸಾಲಿನಲ್ಲಿ ಒಮ್ಮೆ, ಕೆಳಗಿನ ಸಾಲಿನಲ್ಲಿ ಒಮ್ಮೆ, ಅದೇ ಹೆಸರು. ನನ್ನ ತಂಡವನ್ನು ಮೂಲೆಮೂಲೆ ತಡಕಿ ನೋಡಿದವನು ತನ್ನ ತಂಡ ಯಾವುದೆಂದು ಒಮ್ಮೆಯೂ ಹೇಳಿರಲಿಲ್ಲ.

ದನದ ಜಾತ್ರೆಯ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿದರೂ, ಎತ್ತು ಯಾರದೆಂಬುದಾದರೂ ಕೊಳ್ಳುವವನಿಗೆ ತಿಳಿದಿರುತ್ತದೆ. ಇಲ್ಲಿ ಅದೂ ಇಲ್ಲ.

ನೇರವಾಗಿ ಕೇಳಿದೆ: “ಸರ್, ಆ ತಂಡ ನಿಮ್ಮದೇ ಅಲ್ಲವೇ?” ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದಾಗ, “ಓಪನ್ ಮಾರ್ಕೆಟ್ ಸರ್, ಯಾರ್ ಬೇಕಾದ್ರೂ ಬಿಡ್ ಮಾಡ್ಬೋದು” ಎಂದ. ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದರೆ, “ನೀವು ಕೇಳ್ಲಿಲ್ವಲ್ಲ” ಎಂದ. ಕೇಳಲಿಲ್ಲವಂತೆ! ಫೀಸು ಹಿಂದಿರುಗಿಸಿ ಎಂದಾಗ ‘ಸರ್’ ಹೋಗಿ ‘ಗುರು’ ಬಂತು: “ಪ್ಲ್ಯಾನ್ ಕೊಟ್ಟಿದೀನಿ ಗುರು, ರಿಸಲ್ಟ್ ಗ್ಯಾರಂಟಿ ಅಂತ ಎಲ್ಲಾದ್ರೂ ಬರ್ದಿದೀನಾ?” ಆಟದ ನಿರ್ವಾಹಕರಿಗೆ ದೂರು ಕೊಡುತ್ತೇನೆಂದಾಗ ಬಂದ ಉತ್ತರವನ್ನು ಎಲ್ಲರೂ ಗಮನವಿಟ್ಟು ಓದಬೇಕು, ಏಕೆಂದರೆ ಮುಂದೆ ಬೇರೆಯವರ ಬಾಯಿ ಮುಚ್ಚಿಸುವುದೂ ಇದೇ ಮಾತಿನಿಂದ: “ಕೊಡು. ಡೀಲ್ ನಿನ್ ಕಡೆಯಿಂದ್ಲೂ ಆಗಿದೆ, ನಿನ್ ಟೀಮೂ ಬ್ಯಾನ್ ಆಗುತ್ತೆ.” ಈ ಬೆದರಿಕೆಗೆ ಹೆದರಿ ಕೆಲವು ದಿನ ನಾನು ಸುಮ್ಮನಿದ್ದದ್ದುಂಟು. ಮನೆಯಲ್ಲಿ ಹೇಳಿಕೊಳ್ಳುವಂತೆಯೂ ಇರಲಿಲ್ಲ. ಕಂಪ್ಯೂಟರಿನೊಳಗಿನ ಬಾಸ್ಕೆಟ್‌ಬಾಲ್ ಹುಡುಗನಿಗಾಗಿ ನಿದ್ದೆಗೆಟ್ಟಿದ್ದೇನೆಂದು ಹೆಂಡತಿಗೆ ಯಾವ ಮುಖದಿಂದ ಹೇಳುವುದು? ಕೊನೆಗೆ ಸಂದೇಶಗಳನ್ನೆಲ್ಲ ಜೋಡಿಸಿ ದೂರು ಕೊಟ್ಟೆ. ಆತ ನನ್ನನ್ನು ಬ್ಲಾಕ್ ಮಾಡಿದ್ದಾನೆ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಸಲಹೆ ಕೊಡುವವನ ತಂಡದ ಹೆಸರನ್ನು ಮೊದಲು ಕೇಳಿ, ಹೇಳದವನ ಸಹವಾಸ ಬೇಡ. ಈ ಆಟ ಉಚಿತ, ಅದರ ನಿಯಮಾವಳಿಯೂ ಉಚಿತವಾಗಿಯೇ ಓದಲು ಸಿಗುತ್ತದೆ, ಅದರಲ್ಲಿರುವುದನ್ನೇ ದುಡ್ಡಿಗೆ ಮಾರುವವರಿಗೆ ಬಿಡಿಗಾಸನ್ನೂ ಕೊಡಬೇಡಿ. 18–19ರ ಎತ್ತರದ ಹುಡುಗನನ್ನು ಮಾರಲು ಯಾರಾದರೂ ಅವಸರ ಮಾಡಿದರೆ, ಅವನಂಥ ಹುಡುಗರು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿದ್ದಾರೆಂದು ನೀವೇ ಹುಡುಕಿ ನೋಡಿ. ಹರಾಜನ್ನು ನೀವು ಎಚ್ಚರವಿರುವ ಹೊತ್ತಿಗೆ ಮುಗಿಯುವಂತೆ ಹಾಕಿ.

ಈಗಾಗಲೇ ಹಣ ಕಳಿಸಿದ್ದರೆ ಸಂದೇಶಗಳನ್ನು ಅಳಿಸಬೇಡಿ. ಪಾವತಿ ಆ್ಯಪಿನಲ್ಲಿ 12 ಅಂಕಿಯ ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನು ಬರೆದಿಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊತ್ತ ಚಿಕ್ಕದೆಂದು ಸಂಕೋಚ ಬೇಡ, ನಾನೂ ಮಾಡಿದ್ದೇನೆ. ಆತ ಈಗ ಇನ್ನೊಂದು ಗುಂಪಿನಲ್ಲಿ ಹೊಸ ಹೆಸರಿಟ್ಟುಕೊಂಡು, ಹೊಸ ಸೀಸನ್‌ಗೆ ₹999ರ ‘ಆಫರ್’ ಹಾಕಿದ್ದಾನೆಂದು ಗೆಳೆಯರೊಬ್ಬರು ತಿಳಿಸಿದ್ದಾರೆ. ಡಿಎಂಐಗೆ ಕೆಂಪು ಗುಂಡು ಸುತ್ತಿದ ಸ್ಕ್ರೀನ್‌ಶಾಟ್ ನಿಮಗೂ ಬಂದಿದ್ದರೆ, ದಿನಾಂಕ ಕಾಣುವಂತೆ ಅದನ್ನು ನನಗೆ ಕಳಿಸಿ, ನನ್ನ ದೂರಿನ ಜೊತೆಗೆ ಸೇರಿಸುತ್ತೇನೆ.