ಕ್ಯಾನ್‌ಬಸ್ ಎಲ್‌ಇಡಿ ಬಲ್ಬುಗಳು: ಎರಡು ಮಳೆಗಾಲ ಕಳೆದ ಮೇಲೆ

ಕಾರಿನ ಹಿಂಬದಿಯ ದೀಪಗಳಿಗೂ ನಂಬರ್ ಪ್ಲೇಟಿಗೂ ಮುಂದಿನ ಪಾರ್ಕಿಂಗ್ ಲೈಟಿಗೂ ‘ಕ್ಯಾನ್‌ಬಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಬಲ್ಬ್ ಕೆಟ್ಟಿದೆ ಎಂದು ಹೇಳುವ ಹಳದಿ ಗುರುತು ಮೀಟರಿನಲ್ಲಿ ಹೊತ್ತಿಕೊಳ್ಳದಂತೆ ಇವನ್ನು ಹಾಕಿಸಿಕೊಳ್ಳುವುದು ಹೇಗೆ ಎಂದು ಕಚೇರಿಯ ಗೆಳೆಯರು ಆಗಾಗ ಕೇಳುತ್ತಾರೆ. ಆ ಗುರುತನ್ನು ಸುಮ್ಮನಾಗಿಸುವುದು ಕಷ್ಟದ ಕೆಲಸವಲ್ಲ. ಆದರೆ ಅದನ್ನು ಯಾವ ದಾರಿಯಲ್ಲಿ ಸುಮ್ಮನಾಗಿಸುತ್ತೀರಿ ಎಂಬುದರ ಮೇಲೆ, ಮುಂದೊಂದು ದಿನ ಬಲ್ಬ್ ನಿಜವಾಗಿಯೂ ಕೆಟ್ಟಾಗ ಕಾರು ನಿಮಗೆ ತಿಳಿಸುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ಅಂಗಡಿಯಲ್ಲಿ ಯಾರೂ ಹೇಳದ ಈ ವಿಷಯವನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಫೋಕ್ಸ್‌ವ್ಯಾಗನ್ ಸಮೂಹದ, ಆಟೋಮ್ಯಾಟಿಕ್ ಗೇರಿನ, ವಾರಂಟಿ ಮುಗಿದ ಸೆಡಾನ್. ಮನೆ ಬನಶಂಕರಿ ಕಡೆ, ಕಚೇರಿ ಮಾರತ್ತಹಳ್ಳಿ ಕಡೆ; ಸಂಜೆಯ ಹೊತ್ತು ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ದಾಟಿಯೇ ಮನೆ ಸೇರಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಸಿಗ್ನಲ್ ಬಿಡುವವರೆಗೂ ಕಾಲು ಬ್ರೇಕಿನ ಮೇಲೆಯೇ ಇರುವುದರಿಂದ, ಅಷ್ಟು ಹೊತ್ತೂ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ಮುಂದೆ ಹೇಳಲಿರುವ ತೊಂದರೆಗೂ ಈ ಅಭ್ಯಾಸಕ್ಕೂ ನೇರ ಸಂಬಂಧವಿದೆ. ಊರ ಹೊರಗಿನ ಖಾಲಿ ರಸ್ತೆಯಲ್ಲಿ ಓಡಾಡುವವರ ಅನುಭವ ಬೇರೆಯಿರಬಹುದು.

ಮೊದಲು ಸಂತೋಷದ ವಿಷಯ. ಬೇಸ್‌ಮೆಂಟಿನಲ್ಲಿ ನಮಗೆ ಸಿಕ್ಕಿರುವ ಜಾಗ ಎರಡು ಕಂಬಗಳ ನಡುವಿನದು. ಹಿಂದೆ ಸುಣ್ಣ ಬಳಿದ ಗೋಡೆ, ಎಡಬದಿಗೆ ನೆಲದಿಂದ ಮೊಣಕಾಲೆತ್ತರದಲ್ಲಿ ಹಾದುಹೋಗುವ ನೀರಿನ ಪೈಪು. ರಿವರ್ಸ್ ಲೈಟಿನಲ್ಲಿದ್ದ 16 ವ್ಯಾಟಿನ ಮೂಲ ಬಲ್ಬು 310 ಲ್ಯೂಮೆನ್ ಬೆಳಕು ಕೊಡುವಂಥದ್ದು, ಆದರೆ ಅದರ ಹಳದಿ ಬೆಳಕಿನಲ್ಲಿ ಕ್ಯಾಮೆರಾದ ಪರದೆಯ ಮೇಲೆ ಪೈಪೂ ನೆಲವೂ ಒಂದೇ ಬಣ್ಣಕ್ಕೆ ತಿರುಗಿಬಿಡುತ್ತಿದ್ದವು. ಎಲ್‌ಇಡಿ ಹಾಕಿದ ರಾತ್ರಿ ಪೈಪಿನ ಮೇಲಿನ ಕ್ಲಾಂಪು, ಕಂಬದ ಅಂಚಿಗೆ ಬಳಿದ ಹಳದಿ ಕಪ್ಪು ಪಟ್ಟಿ, ಗೋಡೆಯ ಬುಡದಲ್ಲಿ ಮಳೆನೀರು ಜಿನುಗಿದ ಗೆರೆ, ಇವೆಲ್ಲವೂ ಬೇರೆಬೇರೆಯಾಗಿ ಕಂಡವು. ಪ್ಯಾಕೆಟ್ಟಿನ ಮೇಲೆ ಬರೆದಿರುವ ಸಾವಿರಾರು ಲ್ಯೂಮೆನ್‌ಗಳನ್ನು ನಾನು ನಂಬುವುದಿಲ್ಲ; ಬೆಳಕಿನ ಪ್ರಮಾಣಕ್ಕಿಂತ ಅದರ ಬಿಳುಪೇ ಕ್ಯಾಮೆರಾಕ್ಕೆ ನೆರವಾಗಿದೆ. ಪ್ರತಿ ಸಂಜೆ ಕಾರನ್ನು ಆ ಜಾಗಕ್ಕೆ ಹಿಮ್ಮುಖವಾಗಿ ತರುವ ಹೊತ್ತಿನಲ್ಲಿ ಈ ಖರ್ಚು ಸಾರ್ಥಕವಾಯಿತೆಂದು ಇಂದಿಗೂ ಅನ್ನಿಸುತ್ತದೆ.

ಇನ್ನು ಎಚ್ಚರಿಕೆಯ ಗುರುತಿನ ವಿಷಯ. ಇಂಥ ಕಾರುಗಳಲ್ಲಿ ದೀಪಗಳಿಗೆ ವಿದ್ಯುತ್ ಕೊಡುವುದು ಬಿಸಿಎಂ ಎಂಬ ನಿಯಂತ್ರಣ ಪೆಟ್ಟಿಗೆ. ಅದು ಪ್ರತಿ ದೀಪದ ಮೂಲಕ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಯುತ್ತದೆ. ಬ್ರೇಕಿನ 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಅದರ ಜಾಗಕ್ಕೆ ಬಂದ ಎಲ್‌ಇಡಿ ಅದರಲ್ಲಿ ಐದನೇ ಒಂದು ಭಾಗವನ್ನೂ ಎಳೆಯದಿದ್ದರೆ, ಹಳೆಯ ಬಲ್ಬಿನೊಳಗೆ ಕಾದು ಬೆಳಗುವ ತಂತಿ, ಅಂದರೆ ಫಿಲಮೆಂಟ್, ತುಂಡಾಗಿದೆಯೆಂದು ಬಿಸಿಎಂ ತೀರ್ಮಾನಿಸುತ್ತದೆ. ದೀಪ ಉರಿಯದಿದ್ದಾಗಲೂ ಅದು ಕ್ಷಣಮಾತ್ರದ ವಿದ್ಯುತ್ ಮಿಡಿತಗಳನ್ನು ಕಳಿಸಿ ಫಿಲಮೆಂಟ್ ಕೂಡಿಕೊಂಡಿದೆಯೇ ಎಂದು ಪರೀಕ್ಷಿಸುತ್ತದೆ. ಆ ಮಿಡಿತದಿಂದ ಫಿಲಮೆಂಟ್ ಕಾಯುವುದೂ ಇಲ್ಲ, ಬೆಳಗುವುದೂ ಇಲ್ಲ. ಎಲ್‌ಇಡಿಗೆ ಮಾತ್ರ ಅಷ್ಟೇ ಸಾಕಾಗಿ ಮಿಣಮಿಣ ಎನ್ನುತ್ತದೆ. ಇಗ್ನಿಷನ್ ಹಾಕಿದ ಕೂಡಲೇ ಕಾರಿನ ದೀಪಗಳು ತಾವಾಗಿ ಮಿನುಗುತ್ತವೆ ಎಂದು ಕೆಲವರು ಹೇಳುವುದಕ್ಕೆ ಕಾರಣ ಇದೇ, ಬಲ್ಬಿನ ದೋಷವಲ್ಲ.

ಜೆ.ಸಿ. ರಸ್ತೆಯ ಅಂಗಡಿಯವರು ಇದಕ್ಕೆ ಕೊಟ್ಟ ಉತ್ತರ ಒಂದೇ ಮಾತಿನದು: “ಕ್ಯಾನ್‌ಬಸ್ ಹಾಕ್ಸಿ ಸಾರ್, ವಾರ್ನಿಂಗ್ ಬರೋದೇ ಇಲ್ಲ.” ಮಾತು ಸುಳ್ಳಲ್ಲ. ಜೋಡಿಗೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡ ಆ ಬಲ್ಬುಗಳು ವಾರ್ನಿಂಗ್ ತರಲಿಲ್ಲ. ಆದರೆ ಕ್ಯಾನ್‌ಬಸ್ ಎನ್ನುವುದು ಕಾರಿನ ನಿಯಂತ್ರಣ ಪೆಟ್ಟಿಗೆಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಜಾಲ. ಬಲ್ಬಿಗೂ ಆ ಜಾಲಕ್ಕೂ ನೇರವಾದ ಮಾತುಕತೆ ಯಾವುದೂ ಇಲ್ಲ. ಬಲ್ಬಿನ ಬುಡದೊಳಗೆ ಎಲ್‌ಇಡಿಯ ಪಕ್ಕದಲ್ಲಿ ಒಂದೆರಡು ರೆಸಿಸ್ಟರ್‌ಗಳನ್ನು ಕೂರಿಸಿ, ಬಿಸಿಎಂ ನಿರೀಕ್ಷಿಸುವ ಕನಿಷ್ಠ ಮಿತಿ ದಾಟುವಷ್ಟು ಕರೆಂಟನ್ನು ಅವುಗಳ ಮೂಲಕ ಸುಮ್ಮನೆ ಹರಿಯಬಿಟ್ಟಿರುತ್ತಾರೆ, ಅಷ್ಟೇ. ಆ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಎಲ್‌ಇಡಿಯಿಂದ ಬ್ಯಾಟರಿಗೆ ಉಳಿತಾಯ ಎಂಬ ಜಾಹೀರಾತಿನ ಮಾತಿನಲ್ಲಿ ಹೆಚ್ಚಿನ ಪಾಲು ಇಲ್ಲಿಯೇ ಕರಗಿಹೋಗುತ್ತದೆ.

ಇಂಡಿಕೇಟರಿಗೆ ಇಷ್ಟೂ ಸಾಲಲಿಲ್ಲ. ನಿಯಮದಂತೆ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕಾದ ದೀಪ, ಬಲ್ಬ್ ಕೆಟ್ಟಾಗ ಮಿನುಗುವ ಹಾಗೆಯೇ ಅವಸರದಲ್ಲಿ ಬಡಿದುಕೊಳ್ಳತೊಡಗಿತು. ಎಲೆಕ್ಟ್ರಿಷಿಯನ್ ಅದಕ್ಕೆ ಬಂಗಾರದ ಬಣ್ಣದ ಲೋಹದ ಹೊದಿಕೆಯುಳ್ಳ 6 ಓಮ್, 50 ವ್ಯಾಟಿನ ರೆಸಿಸ್ಟರನ್ನು ವೈರಿಗೆ ಸೇರಿಸಿ, ಡಿಕ್ಕಿಯ ಒಳಬದಿಯ ಪ್ಲಾಸ್ಟಿಕ್ ಹೊದಿಕೆಗೆ ಟೇಪಿನಿಂದ ಅಂಟಿಸಲು ಹೊರಟರು. ಎಂಜಿನ್ ಓಡುವಾಗಿನ 13.5 ವೋಲ್ಟಿನಲ್ಲಿ ಅಂಥದ್ದೊಂದು ರೆಸಿಸ್ಟರ್ 30 ವ್ಯಾಟ್ ಶಾಖ ಕಾರುತ್ತದೆ. ಅದು ಮೂಲ ಬಲ್ಬಿಗಿಂತಲೂ ಹೆಚ್ಚು. ಇಂಡಿಕೇಟರಿನಲ್ಲಿ ಅರ್ಧ ಹೊತ್ತು ಆರಿರುವುದರಿಂದ ಸ್ವಲ್ಪ ಕಡಿಮೆಯಾದೀತು, ಆದರೂ ಮುಟ್ಟಿದರೆ ಬೆರಳು ಸುಡುವಷ್ಟಂತೂ ಆಗುತ್ತದೆ. ಹಾಕಿಸಲೇಬೇಕು ಎನ್ನುವವರು ಅದನ್ನು ಕಾರಿನ ಲೋಹದ ಭಾಗಕ್ಕೆ ಸ್ಕ್ರೂ ಮಾಡಿಸಿ, ವೈರಿನಿಂದಲೂ ಪ್ಲಾಸ್ಟಿಕ್ಕಿನಿಂದಲೂ ಬಟ್ಟೆಯ ಹೊದಿಕೆಯಿಂದಲೂ ದೂರವಿಡಿಸಬೇಕು. ನಾನು ಅಲ್ಲಿಯೇ ಬೇಡವೆಂದು ಹೇಳಿ ಇಂಡಿಕೇಟರಿಗೆ ಮೊದಲಿನ ಬಲ್ಬನ್ನೇ ಹಾಕಿಸಿಕೊಂಡು ಬಂದೆ.

ಬ್ರೇಕ್ ಲೈಟ್ ಮಾತ್ರ ಮೊದಲ ತಿಂಗಳುಗಳಲ್ಲಿ ಮನಸ್ಸನ್ನು ಪೂರ್ತಿ ಗೆದ್ದಿತ್ತು. ಫಿಲಮೆಂಟ್ ಕಾದು ಪೂರ್ಣ ಬೆಳಕಿಗೆ ಬರಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ, ಎಲ್‌ಇಡಿ ಒತ್ತಿದ ಕ್ಷಣಕ್ಕೇ ಬೆಳಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವರಿಗೆ ಅಷ್ಟು ಹೊತ್ತೆಂದರೆ ಮೂರು ಮೀಟರಿಗೂ ಮಿಕ್ಕಿದ ದಾರಿ. ನೈಸ್ ರಸ್ತೆಯಲ್ಲಿ ಬಂಪರಿಗೆ ಅಂಟಿಕೊಂಡು ಬರುವ ಲಾರಿಗಳನ್ನು ಕನ್ನಡಿಯಲ್ಲಿ ನೋಡಿದವರಿಗೆ ಆ ಮೂರು ಮೀಟರಿನ ಬೆಲೆ ಗೊತ್ತಿರುತ್ತದೆ.

ಹೀಗಿರುವಾಗ, ಒಂದು ಸಂಜೆ ಜಯದೇವ ಜಂಕ್ಷನ್ ಬಳಿಯ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದ ಆಟೋ ಚಾಲಕರೊಬ್ಬರು ಕಿಟಕಿ ತಟ್ಟಿ, “ಸಾರ್, ಲೆಫ್ಟ್ ಬ್ರೇಕ್ ಲೈಟ್ ಹತ್ತುತ್ತಾ ಇಲ್ಲ, ನೋಡಿಕೊಳ್ಳಿ” ಎಂದರು. ಮೀಟರಿನಲ್ಲಿ ಯಾವ ಗುರುತೂ ಇರಲಿಲ್ಲ. ಮನೆಗೆ ಬಂದು ದೀಪದ ಜೋಡಣೆಯನ್ನು ಬಿಚ್ಚಿ ಬಲ್ಬನ್ನು ಹೊರತೆಗೆದಾಗ ಅದು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿತ್ತು. ಬುಡದ ಹತ್ತಿರ ಸರ್ಕ್ಯೂಟ್ ಬೋರ್ಡು ಕಂದಾಗಿತ್ತು, ಒಂದು ಬದಿಯ ಬೆಸುಗೆ ಬಿಟ್ಟುಕೊಂಡು ಎಲ್‌ಇಡಿಗಳ ಸಾಲು ಸತ್ತಿತ್ತು. ರೆಸಿಸ್ಟರ್‌ಗಳು ಮಾತ್ರ ಸುಸ್ಥಿತಿಯಲ್ಲಿದ್ದು ಮೊದಲಿನಂತೆಯೇ ಕರೆಂಟ್ ಎಳೆಯುತ್ತಿದ್ದವು. ಬಿಸಿಎಂ ಅಳೆಯುವುದು ಬೆಳಕನ್ನಲ್ಲ, ಕರೆಂಟನ್ನು. ಅದಕ್ಕೆ ಬೇಕಾದಷ್ಟು ಸಿಗುತ್ತಿದ್ದುದರಿಂದ ದೀಪ ಚೆನ್ನಾಗಿದೆಯೆಂದೇ ಅದು ನಂಬಿತ್ತು. ಎಷ್ಟು ದಿನದಿಂದ ನಾನು ಒಂದೇ ಬದಿಯ ಬ್ರೇಕ್ ಲೈಟಿನಲ್ಲಿ ಓಡಾಡಿದ್ದೇನೆಂದು ತಿಳಿಯುವ ದಾರಿಯೇ ಇರಲಿಲ್ಲ. ಹಳೆಯ ಬಲ್ಬಾಗಿದ್ದರೆ ಕಾರು ಅದೇ ಕ್ಷಣ ತಿಳಿಸುತ್ತಿತ್ತು. ಈ ವಸ್ತುವಿನ ಮೇಲಿನ ನನ್ನ ಬೇಸರವೆಲ್ಲ ಇಲ್ಲಿಂದ ಶುರುವಾಗುತ್ತದೆ: ಬಲ್ಬ್ ಬೇಗ ಕೆಟ್ಟದ್ದನ್ನು ಸಹಿಸಿಕೊಳ್ಳಬಹುದು, ಕೆಟ್ಟಿರುವುದನ್ನು ಕಾರಿನಿಂದ ಮರೆಮಾಚುವಂತೆ ಅದನ್ನು ರೂಪಿಸಿರುವುದನ್ನು ಸಹಿಸುವುದು ಕಷ್ಟ.

ಅದು ಯಾಕೆ ಬೇಗ ಕೆಟ್ಟಿತೆಂಬುದಕ್ಕೆ ಉತ್ತರ ಸಿಗ್ನಲ್‌ಗಳಲ್ಲಿದೆ. ಎಲ್‌ಇಡಿ ಚಿಪ್ಪಿಗೆ ಶಾಖವೇ ಶತ್ರು. ಬಿಸಿ ಹೆಚ್ಚಿದಷ್ಟೂ ಬೆಳಕು ಕುಗ್ಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಗಾಳಿಯಾಡದ ದೀಪದ ಗೂಡಿನೊಳಗೆ ಅದರ ಬೆನ್ನಿಗೇ ಕಾಯುವ ರೆಸಿಸ್ಟರ್ ಕೂರಿಸಿ, ನಿಮಿಷಗಟ್ಟಲೆ ಬ್ರೇಕ್ ಒತ್ತಿ ಹಿಡಿದರೆ ಬೆಸುಗೆ ಎಷ್ಟು ದಿನ ತಾಳೀತು? ಕಾಲನ್ನು ಬ್ರೇಕಿನಿಂದ ತೆಗೆದು ಪಾರ್ಕ್‌ಗೆ ಹಾಕಿಕೊಳ್ಳಿ ಎಂದು ಎಲೆಕ್ಟ್ರಿಷಿಯನ್ ಸಲಹೆ ಕೊಟ್ಟರು. ಬಲ್ಬಿನ ಅನುಕೂಲಕ್ಕಾಗಿ ಓಡಿಸುವ ರೀತಿಯನ್ನು ಬದಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಮಾಡುವ ಪರೀಕ್ಷೆಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಬಲ್ಬನ್ನು ಹೋಲ್ಡರಿನಿಂದ ಪೂರ್ತಿ ಕಿತ್ತು ನೋಡಿದರೆ ವಾರ್ನಿಂಗ್ ಬರುತ್ತದೆ, ಏಕೆಂದರೆ ಬಲ್ಬಿನೊಂದಿಗೆ ಅದರೊಳಗಿನ ರೆಸಿಸ್ಟರೂ ಹೊರಬರುತ್ತದೆ. ಅದನ್ನು ನೋಡಿ ಎಲ್ಲವೂ ಸರಿಯಿದೆಯೆಂದು ಸಮಾಧಾನಪಟ್ಟುಕೊಳ್ಳಬಾರದು. ಹೊರಗಿನ ರೆಸಿಸ್ಟರ್ ಹಾಕಿಸಿದ್ದರಂತೂ ಬಲ್ಬನ್ನೇ ಕಿತ್ತರೂ ಕಾರು ಮಾತಾಡುವುದಿಲ್ಲ. ಆ ಸಂಜೆಯ ನಂತರ ಬೇಸ್‌ಮೆಂಟಿನಲ್ಲಿ ಎಂಜಿನ್ ನಿಲ್ಲಿಸುವ ಮೊದಲು ಒಮ್ಮೆ ಬ್ರೇಕ್ ಒತ್ತಿ, ಹಿಂದಿನ ಸುಣ್ಣದ ಗೋಡೆಯ ಮೇಲೆ ಎರಡು ಕೆಂಪು ಹರಹುಗಳೂ ಸಮನಾಗಿ ಬೀಳುತ್ತಿವೆಯೇ ಎಂದು ಕನ್ನಡಿಯಲ್ಲಿ ನೋಡುವುದನ್ನು ರೂಢಿಸಿಕೊಂಡಿದ್ದೇನೆ. ಎಲ್‌ಇಡಿ ಹಾಕಿಸಿದ ಪ್ರತಿಯೊಬ್ಬರೂ ಮಾಡಬೇಕಾದ ಕೆಲಸವಿದು. ಗೋಡೆ ಇಲ್ಲದವರಿಗೆ ಹಿಂದೆ ನಿಂತ ಕಾರಿನ ಬಂಪರ್ ಸಾಕು.

ವಾರ್ನಿಂಗ್ ಸುಮ್ಮನಾಗಿಸುವ ಎರಡನೆಯ ದಾರಿ ಕೋಡಿಂಗ್. ನಮ್ಮ ಸಮೂಹದ ಕಾರುಗಳಿಗೆ ವಿಸಿಡಿಎಸ್ ಎಂಬ ತಂತ್ರಾಂಶವಿದೆ. ಸ್ಟೇರಿಂಗಿನ ಕೆಳಗೆ ಕಾರಿನ ತಪಾಸಣೆಗೆಂದೇ ಇರುವ ಒಬಿಡಿ ಪೋರ್ಟಿಗೆ ಕೇಬಲ್ ಸಿಕ್ಕಿಸಿ ಬಿಸಿಎಂನ ಸೆಟ್ಟಿಂಗುಗಳನ್ನು ಬದಲಿಸಬಹುದು. ಇದನ್ನು ಮಾಡಿಕೊಡುವವರು ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತಾರೆ. ಆದರೆ ಅವರಿಗೆ ಏನು ಹೇಳುತ್ತೀರಿ ಎಂಬುದು ಮುಖ್ಯ. “ವಾರ್ನಿಂಗ್ ಬರಬಾರದು” ಎಂದಷ್ಟೇ ಹೇಳಿದರೆ ಆ ದೀಪದ ತಪಾಸಣೆಯನ್ನೇ ಪೂರ್ತಿ ಮುಚ್ಚಿ ಕಳಿಸುತ್ತಾರೆ, ರೆಸಿಸ್ಟರಿನಿಂದ ಆದ ನಷ್ಟವೇ ಇಲ್ಲಿಯೂ ಆಗುತ್ತದೆ. ನಾನು ಕೇಳಿಕೊಂಡದ್ದು ಬೇರೆ. ನಂಬರ್ ಪ್ಲೇಟಿನ ದೀಪ ಎಲ್‌ಇಡಿಯದು ಎಂದು ಬಿಸಿಎಂಗೆ ತಿಳಿಸಿ, ಅದು ನಿರೀಕ್ಷಿಸುವ ಕರೆಂಟಿನ ಮಿತಿಯನ್ನು ಇಳಿಸಿಕೊಡಿ ಎಂದೆ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಂದಿಗೆ ಬರುವ ಮಾದರಿಗಳಿಗಾಗಿ ಅಂಥ ಆಯ್ಕೆ ಮೊದಲೇ ಇರುತ್ತದೆ. ಈಗ ರೆಸಿಸ್ಟರ್ ಇಲ್ಲದ ಸಾದಾ ಎಲ್‌ಇಡಿಗಳು ಅಲ್ಲಿ ತಣ್ಣಗೆ ಉರಿಯುತ್ತಿವೆ, ಮಿನುಗುವುದೂ ಇಲ್ಲ. ಒಂದನ್ನು ಕಿತ್ತರೆ ಕೂಡಲೇ ಗುರುತು ಬರುತ್ತದೆ. ಒಳಗೆ ರೆಸಿಸ್ಟರ್ ಇಲ್ಲದಿರುವುದರಿಂದ ಈ ಪರೀಕ್ಷೆಯನ್ನು ನಂಬಬಹುದು. ಹಳೆಯ ಕೋಡಿಂಗಿನ ಸಾಲುಗಳನ್ನು ಮೊದಲು ಬರೆದಿಟ್ಟುಕೊಳ್ಳುವಂತೆ ಹೇಳುವುದನ್ನು ಮರೆಯಬೇಡಿ. ವಾರಂಟಿ ಇನ್ನೂ ಇರುವ ಕಾರಿಗೆ ಇದನ್ನು ನಾನು ಹೇಳಲಾರೆ.

ಬಣ್ಣದ ವಿಷಯದಲ್ಲಿ, ಬ್ರೇಕಿಗೂ ಬಿಳಿ ಎಲ್‌ಇಡಿಯೇ ಸಾಕು ಎನ್ನುವ ಅಂಗಡಿಯವರ ಮಾತಿಗೆ ಒಪ್ಪದಿರುವುದು ಒಳ್ಳೆಯದು. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಅದರ ಬೆಳಕಿನ ಹೆಚ್ಚಿನ ಭಾಗವನ್ನು ಗಾಜು ತಡೆದುಬಿಡುತ್ತದೆ, ಉಳಿದದ್ದು ಗುಲಾಬಿಯತ್ತ ವಾಲಿ ಕಾಣುತ್ತದೆ. ಬ್ರೇಕಿಗೆ ಕೆಂಪು ಎಲ್‌ಇಡಿಯೇ ಬೇಕು. ಟೇಲ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬಿರುವ ಕಾರುಗಳವರು ಇನ್ನೂ ಎಚ್ಚರದಿಂದಿರಬೇಕು: ಮೂಲ ಬಲ್ಬಿನಲ್ಲಿ ಟೇಲ್‌ಗೆ 35 ಲ್ಯೂಮೆನ್, ಬ್ರೇಕಿಗೆ 440 ಲ್ಯೂಮೆನ್, ಅಂದರೆ ಹನ್ನೆರಡು ಪಟ್ಟಿಗೂ ಹೆಚ್ಚಿನ ಅಂತರ. ಅಗ್ಗದ ಎಲ್‌ಇಡಿಗಳಲ್ಲಿ ಈ ಅಂತರ ಕಿರಿದಾಗಿ, ರಾತ್ರಿ ಹೊತ್ತು ನೀವು ಬ್ರೇಕ್ ಹಾಕಿದ್ದೀರೋ ಸುಮ್ಮನೆ ಹೋಗುತ್ತಿದ್ದೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಮುಂದಿನ ಪಾರ್ಕಿಂಗ್ ಲೈಟಿಗೆ ಮೊದಲು ಹಾಕಿದ ಅಗ್ಗದ ಜೋಡಿಯೊಂದು, ದೀಪ ಹಾಕಿದೊಡನೆ ಎಫ್‌ಎಂ ರೇನ್‌ಬೋದ 101.3ರಲ್ಲಿ ಗೊರಗೊರ ಸದ್ದು ಎಬ್ಬಿಸುತ್ತಿತ್ತು. ಅದನ್ನು ವಾರದೊಳಗೆ ತೆಗೆಸಿದೆ.

ಹೆಡ್‌ಲೈಟನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಫಿಲಮೆಂಟ್ ಇರುವ ಜಾಗವನ್ನು ಲೆಕ್ಕ ಹಾಕಿ ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಕಂಡಲ್ಲಿ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ಕುಕ್ಕುವ ಇಂಥ ದೀಪಗಳ ವಿರುದ್ಧ 2024ರ ಜುಲೈಯಿಂದ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದ್ದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ.

ಸದ್ಯಕ್ಕೆ ರಿವರ್ಸ್, ನಂಬರ್ ಪ್ಲೇಟ್ ಮತ್ತು ಪಾರ್ಕಿಂಗ್ ಲೈಟುಗಳಲ್ಲಿ ಎಲ್‌ಇಡಿ ಉಳಿದಿದೆ, ಇಂಡಿಕೇಟರಿನಲ್ಲಿ ಮೂಲ ಬಲ್ಬಿದೆ. ಬ್ರೇಕಿಗೆ ಬಹಳ ಯೋಚಿಸಿದ ಮೇಲೆ 21 ವ್ಯಾಟಿನ ಹಳೆಯ ಬಲ್ಬನ್ನೇ ಮರಳಿ ಹಾಕಿಸಿದ್ದೇನೆ. ಹಿಂಬದಿ ಗಾಜಿನ ಮೇಲಂಚಿನ ಮೂರನೆಯ ಬ್ರೇಕ್ ಲೈಟು ಕಾರ್ಖಾನೆಯಿಂದಲೇ ಎಲ್‌ಇಡಿಯದಾಗಿರುವುದರಿಂದ, ಹಿಂದಿನವರಿಗೆ ಬೇಗ ಕಾಣುವ ಲಾಭ ಪೂರ್ತಿ ಕೈತಪ್ಪಿಲ್ಲ. ಬ್ರೇಕ್ ಲೈಟಿಗೂ ಕರೆಂಟಿನ ಮಿತಿಯನ್ನು ಇಳಿಸಿ ಕೋಡಿಂಗ್ ಮಾಡಿಕೊಡುವವರು, ಒಳಗೆ ರೆಸಿಸ್ಟರ್ ಇಲ್ಲದ ಕೆಂಪು ಬಲ್ಬಿನೊಂದಿಗೆ ಅದನ್ನು ನನ್ನೆದುರಿಗೇ ಪರೀಕ್ಷಿಸಿ ತೋರಿಸಿದರೆ ಮಾತ್ರ ಮತ್ತೆ ಬದಲಿಸುತ್ತೇನೆ.