ಅಡ್ಡ ಸ್ಮೋಕರೋ, ನಿಲುವು ಸ್ಮೋಕರೋ: ಎರಡನ್ನೂ ಬಳಸಿದ ಮೇಲೆ

ಮಾಂಸವನ್ನು ಉರಿಗೆ ನೇರವಾಗಿ ಒಡ್ಡದೆ, ಸೌದೆ ಅಥವಾ ಇದ್ದಿಲಿನ ಹೊಗೆಯ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಬೇಯಿಸುವ ಸ್ಮೋಕರುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಒಲೆ ಪಕ್ಕದಲ್ಲಿದ್ದು ಹೊಗೆ ಅಡ್ಡಡ್ಡಲಾಗಿ ಹರಿಯುತ್ತದೆ. ಇನ್ನೊಂದರಲ್ಲಿ ಒಲೆ ತಳದಲ್ಲಿದ್ದು ಹೊಗೆ ನೆಟ್ಟಗೆ ಮೇಲೇರುತ್ತದೆ. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ನಿಲುವು ಸ್ಮೋಕರ್ ಇದೆ; ಪಾಂಡವಪುರದ ಬಳಿಯ ಮಾವನವರ ತೋಟದಲ್ಲಿ, ಹೆಬ್ಬಾಳು ಕೈಗಾರಿಕಾ ಪ್ರದೇಶದ ವೆಲ್ಡಿಂಗ್ ಶಾಪೊಂದರಲ್ಲಿ ಅಳತೆ ಕೊಟ್ಟು ಮಾಡಿಸಿದ ಅಡ್ಡ ಸ್ಮೋಕರ್ ಇದೆ. ಕೆಲವು ವರ್ಷಗಳಿಂದ ಎರಡನ್ನೂ ಬಳಸುತ್ತಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪೇಟೆಯ ಮನೆಗೆ ನಿಲುವು ಸ್ಮೋಕರೇ ಸರಿ. ಅಡ್ಡ ಸ್ಮೋಕರಿನ ಮಾಂಸದ ರುಚಿ ಒಂದು ಕೈ ಮೇಲು ಎನ್ನುವುದು ನಿಜ, ಆದರೆ ಆ ರುಚಿಯನ್ನು ತರುವುದು ಅದರ ಮುಂದೆ ಕುಳಿತು ಬೆಂಕಿ ನೋಡಿಕೊಳ್ಳುವ ಆಳು. ಆ ಆಳು ಇಲ್ಲದ ಮನೆಯಲ್ಲಿ ಅದು ಕಬ್ಬಿಣದ ಭಾರ ಮಾತ್ರ.

ಅಡ್ಡ ಸ್ಮೋಕರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಂಡ್ಯದ ಕಡೆಯವರಿಗೆ ವಿವರಿಸುವುದು ಸುಲಭ, ಏಕೆಂದರೆ ಅದು ಆಲೆಮನೆಯ ಒಲೆಯಂತೆಯೇ ನಡೆಯುತ್ತದೆ. ಒಂದು ತುದಿಯಲ್ಲಿ ಒಬ್ಬ ಕುಳಿತು ಕಬ್ಬಿನ ಸಿಪ್ಪೆ ಒಟ್ಟುತ್ತಾನೆ, ಬಿಸಿ ಕೊಪ್ಪರಿಗೆಯ ಕೆಳಗೆ ಹಾದು ಇನ್ನೊಂದು ತುದಿಯ ಚಿಮಣಿಯಿಂದ ಹೊರಬೀಳುತ್ತದೆ. ಚಿಮಣಿ ಎಳೆದರೆ ಮಾತ್ರ ಒಲೆ ಉರಿಯುತ್ತದೆ. ಇಲ್ಲಿ ಕೊಪ್ಪರಿಗೆಯ ಜಾಗದಲ್ಲಿ ಮಾಂಸವಿಟ್ಟ ಉರುಳೆಯಿದೆ, ಸಿಪ್ಪೆಯ ಬದಲು ಸೀಳಿದ ಸೌದೆಯಿದೆ. ಅಮೆರಿಕದ ಟೆಕ್ಸಾಸ್ ಕಡೆ ತೈಲಬಾವಿಗಳ ದಪ್ಪ ಕೊಳವೆಗಳನ್ನು ಕತ್ತರಿಸಿ ಬೆಸೆದು ಮಾಡುತ್ತಿದ್ದ ಮಾದರಿ ಇದು. ಒಳಗಿನ ಬಿಸಿಯನ್ನು 107ರಿಂದ 121 ಡಿಗ್ರಿ ಸೆಲ್ಸಿಯಸ್ ನಡುವೆ ಹಿಡಿದಿಡುವುದು ರೂಢಿ, ಮತ್ತು ಎರಡೂ ಮಾದರಿಗಳ ಪರೀಕ್ಷೆ ನಡೆಯುವುದು ಈ ಒಂದು ವಿಷಯದಲ್ಲಿಯೇ.

ಅಡ್ಡ ಸ್ಮೋಕರಿನ ಮೊದಲ ತೊಡಕೆಂದರೆ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದರೆ ಥರ್ಮಾಮೀಟರ್ ಕೂಡ ಬೇಡ, ಒಂದು ಪೌಂಡು ಬ್ರೆಡ್ಡು ಸಾಕು. ಬಿಸಿ ನೆಲೆಗೆ ಬಂದ ಮೇಲೆ ಜಾಲರಿಯ ತುಂಬ ಬ್ರೆಡ್ಡಿನ ತುಂಡುಗಳನ್ನು ಹರಡಿ, ಮುಚ್ಚಳ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಬೇಕು. ನಮ್ಮದರಲ್ಲಿ ಒಲೆಯ ಪಕ್ಕದ ಸಾಲು ಅಂಚಿನಿಂದ ಕರಿಹತ್ತಿತ್ತು, ನಡುವಿನದು ಹದವಾಗಿ ಕೆಂಪಾಗಿತ್ತು, ಚಿಮಣಿಯ ಕಡೆಯದು ಒಣಗಿ ಬಿರುಸಾಗಿದ್ದರೂ ಬಣ್ಣ ಬಿಟ್ಟಿರಲಿಲ್ಲ. ಒಲೆಯಿಂದ ಬಿಸಿ ಒಳನುಗ್ಗುವ ಬಾಯಿಗೆ ಓರೆಯಾಗಿ ಒಂದು ತಗಡನ್ನು ಬೆಸೆಸಿ, ಅದರ ಮುಂದಕ್ಕೆ ತೂತಿರುವ ಹಲಗೆಯಂಥ ಶೀಟನ್ನು ಹಾಸಿದ ಮೇಲೆ ಅಂತರ ಬಹಳಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ಹಾಗೆಂದು ಇದನ್ನು ದೋಷವೆಂದೇ ನಾನು ಎಣಿಸುವುದಿಲ್ಲ: ಬಿಸಿ ಹೆಚ್ಚಿರುವ ಕಡೆ ಕೋಳಿ, ಕಡಿಮೆಯಿರುವ ಕಡೆ ಕುರಿಯ ಹೆಗಲು ಎಂದು ಜಾಗ ಹಂಚಿಕೊಂಡರೆ ಒಂದೇ ಬೆಂಕಿಯಲ್ಲಿ ಎರಡು ಅಡುಗೆಯಾಗುತ್ತದೆ.

ಎರಡನೆಯ ತೊಡಕು, ನಿಜವಾದದ್ದು, ಬೆಂಕಿಯದೇ. ಸೌದೆ ಸಣ್ಣಗೆ, ಆದರೆ ಚೆನ್ನಾಗಿ ಜ್ವಾಲೆಯೆದ್ದು ಉರಿಯುತ್ತಿದ್ದಾಗ ಚಿಮಣಿಯಿಂದ ಬರುವ ಹೊಗೆ ಕಣ್ಣಿಗೆ ಬೀಳುವುದೇ ಕಷ್ಟ. ಬಿಸಿಲಿಗೆ ಎದುರಾಗಿ ನೋಡಿದರೆ ತೆಳು ನೀಲಿಯಾಗಿ ಕಾಣಿಸುತ್ತದೆ. ಅದೇ ಗಾಳಿ ಸಾಲದೆ ಸೌದೆ ಜ್ವಾಲೆಯಿಲ್ಲದೆ ಹೊಗೆಯಾಡಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ, ಅದರಲ್ಲಿ ಅರೆಸುಟ್ಟ ಟಾರಿನ ಅಂಶ ಸೇರಿ ಮಾಂಸದ ಮೇಲೆ ಕೂತು ನಾಲಗೆಗೆ ಕಹಿಯೂ ಜೋಮೂ ಹಿಡಿಸುತ್ತದೆ. ಆದ್ದರಿಂದ ಮುಕ್ಕಾಲು ಗಂಟೆಗೊಮ್ಮೆಯಾದರೂ, ತೆಳು ಶೀಟಿನದಾದರೆ ಅದಕ್ಕೂ ಮೊದಲೇ, ಒಂದು ಸೀಳು ಸೌದೆ ಇಡಬೇಕು; ಇಡುವ ಮುನ್ನ ಅದನ್ನು ಒಲೆಯ ಮೇಲೆಯೇ ಕಾಯಿಸಿಟ್ಟುಕೊಂಡಿದ್ದರೆ ಇಟ್ಟ ಕೂಡಲೇ ಹೊತ್ತಿಕೊಳ್ಳುತ್ತದೆ. "ಹೊಗೆ ಬೆಳ್ಳಗೆ ಬತ್ತಾ ಇದ್ರೆ ಸೌದೆ ಹಸಿ ಅಂತ್ಲೇ ತಿಳ್ಕೊಳ್ಳಿ ಅಳಿಯಂದ್ರೇ" ಎಂದು ಮಾವನವರು ಮೊದಲ ದಿನವೇ ಹೇಳಿದ್ದರು, ಸ್ಮೋಕರನ್ನು ಅವರು ಅದಕ್ಕೆ ಮುಂಚೆ ಕಂಡವರಲ್ಲದಿದ್ದರೂ. ತೇವ ಐದರಲ್ಲಿ ಒಂದು ಪಾಲಿಗಿಂತ ಕಡಿಮೆಯಿರುವಷ್ಟು ಒಣಗಿದ ಸೌದೆ ಬೇಕು, ಎಂದರೆ ಸೀಳಿ ನೆರಳಿನಲ್ಲಿ ಒಟ್ಟಿ ತಿಂಗಳುಗಟ್ಟಲೆ ಬಿಟ್ಟದ್ದು. ಸೀಬೆ ನನಗೆ ಮೊದಲ ಆಯ್ಕೆ, ಮಾವು ಸೌಮ್ಯ, ಹುಣಸೆಯ ಕೆಂಡ ಬಲು ಹೊತ್ತು ನಿಲ್ಲುತ್ತದೆ, ಬಿಸಿಯೂ ಜೋರು. ನೀಲಗಿರಿ ಅಗ್ಗಕ್ಕೆ ಸಿಗುತ್ತದೆಂದು ಯಾರೂ ಆಸೆಪಡಬಾರದು, ಅದರ ಎಣ್ಣೆಯ ಘಾಟು ಮಾಂಸಕ್ಕೆ ಹತ್ತುತ್ತದೆ.

ಇನ್ನು ನಿಲುವು ಸ್ಮೋಕರ್. ನನ್ನದು ಮೂರು ಭಾಗಗಳನ್ನು ಒಂದರ ಮೇಲೊಂದು ಕೂರಿಸುವ, ಬಂದೂಕಿನ ಗುಂಡಿನ ಆಕಾರದ ಬಗೆ. 1981ರಿಂದ ಮಾರಾಟದಲ್ಲಿರುವ ವೆಬರ್ ಸ್ಮೋಕಿ ಮೌಂಟನ್ ಈ ಬಗೆಯಲ್ಲಿ ಪ್ರಸಿದ್ಧವಾದದ್ದು. ತಳದಲ್ಲಿ ಇದ್ದಿಲು, ಅದರ ಮೇಲೆ ನೀರಿನ ಬೋಗುಣಿ, ಅದರ ಮೇಲೆ ಎರಡು ಜಾಲರಿ, ಮೇಲೊಂದು ಮುಚ್ಚಳ. ಬುದ್ಧಿವಂತಿಕೆಯೆಲ್ಲ ಆ ಬೋಗುಣಿಯಲ್ಲಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಕುದಿಯುವ ನೀರು ಎಷ್ಟು ಉರಿ ಕೊಟ್ಟರೂ ಅದನ್ನು ಮೀರಿ ಬಿಸಿಯಾಗುವುದಿಲ್ಲ. ಹೀಗಾಗಿ ಬೋಗುಣಿಯಲ್ಲಿ ನೀರಿರುವವರೆಗೆ ಕೆಳಗಿನ ಕೆಂಡದ ಏರಿಳಿತ ಮಾಂಸದವರೆಗೆ ತಲುಪುವುದು ಅಪರೂಪ. ಹಬೆ ಮಾಂಸದ ಮೈಯನ್ನು ತೇವವಾಗಿಯೂ ಇಡುತ್ತದೆ. (ಹೊಸ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವವರು ಇಲ್ಲಿ ಅದು 100 ತೋರಿಸಲಿಲ್ಲವೆಂದು ಅಂಗಡಿಗೆ ಹಿಂದಿರುಗಿಸಬೇಕಾಗಿಲ್ಲ.)

ಇದ್ದಿಲು ತುಂಬುವ ಕ್ರಮವೂ ನೆಮ್ಮದಿಯದು. ಹೊತ್ತಿಸದ ಇದ್ದಿಲನ್ನು ತಳದ ತುಂಬ ಸುರಿದು, ನಡುನಡುವೆ ಸೀಬೆಯ ಎರಡು ಮೂರು ತುಂಡು ಹುದುಗಿಸಿ, ಮೇಲೆ ಒಂದು ಹಿಡಿಯಷ್ಟು ನಿಗಿನಿಗಿ ಕೆಂಡ ಹಾಕಿ, ಕೆಳಗಿನ ಗಾಳಿಕಿಂಡಿಗಳನ್ನು ಬಹುತೇಕ ಮುಚ್ಚಿಬಿಟ್ಟರೆ ಬೆಂಕಿ ಮೇಲಿನಿಂದ ಕೆಳಕ್ಕೆ ತಾನಾಗಿಯೇ ತಿಂದುಕೊಂಡು ಹೋಗುತ್ತದೆ. ಐದು ಕಿಲೋ ಒಳ್ಳೆಯ ಇದ್ದಿಲಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಹೊತ್ತಿಸಿದ್ದು ಸಂಜೆಯ ಕಾಫಿಯವರೆಗೂ ನಡೆಯುತ್ತದೆ. ಅದೇ ಅವಧಿಗೆ ತೋಟದ ಅಡ್ಡ ಸ್ಮೋಕರ್ ಅದರ ಮೂರು ನಾಲ್ಕು ಪಟ್ಟು ತೂಕದ ಸೌದೆ ಕೇಳುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಜೋರು ಬಿಸಿ ಕೊಟ್ಟು, ಹೊಗೆ ಕಡಿಮೆ ಮಾಡಿ, ಹೆಚ್ಚು ಹೊತ್ತು ನಿಲ್ಲುತ್ತದೆ.

ಈಗ ರುಚಿಯ ಮಾತು. ಬನ್ನೂರು ಅಥವಾ ಬಂಡೂರು ಎಂದು ಕರೆಯುವ ಮಂಡ್ಯ ತಳಿಯ ಕುರಿ ಗಿಡ್ಡ ಕಾಲಿನ, ಕೊಂಬಿಲ್ಲದ, ತುಂಬಿದ ಮೈಯ ಪ್ರಾಣಿ. ಅದರ ಕೊಬ್ಬು ಮಾಂಸದ ಎಳೆಗಳ ನಡುವೆಯೂ ಹರಡಿರುತ್ತದೆಂಬ ಕಾರಣಕ್ಕೇ ಮಾಂಸಕ್ಕೆ ಹೆಸರು ಬಂದಿದೆ. ಇಂಥ ಮಾಂಸಕ್ಕೆ ಉಪ್ಪು, ಕುಟ್ಟಿದ ಕಾಳುಮೆಣಸು, ಚೂರು ಬೆಳ್ಳುಳ್ಳಿ ಮೀರಿ ಏನೂ ಬೇಕಿಲ್ಲ, ಹೊಗೆಯೂ ಮಿತವಾಗಿರಬೇಕು. ಅಡ್ಡ ಸ್ಮೋಕರಿನಲ್ಲಿ ಶುದ್ಧ ಉರಿಯ ಮೇಲೆ ಬೆಂದ ಹೆಗಲಿನ ಹೊರಮೈ ಕಪ್ಪುಗೆಂಪಾಗಿ ಗಟ್ಟಿಯಾಗಿ, ಬೆರಳಿನಿಂದ ತಟ್ಟಿದರೆ ಸದ್ದಾಗುವ ಹಾಗೆ ಹೊರಪದರ ಕಟ್ಟುತ್ತದೆ, ಒಳಗೆ ಎಳೆ ಎಳೆಯಾಗಿ ಬಿಡುತ್ತದೆ. ಸದಾ ಹರಿಯುವ ಒಣಗಾಳಿಯಿಂದ ಬರುವ ಗುಣ ಅದು. ನಿಲುವು ಸ್ಮೋಕರಿನ ಮಾಂಸ ಹೆಚ್ಚು ರಸವತ್ತಾಗಿರುತ್ತದೆ, ಹೊರಮೈ ಮಾತ್ರ ಮೆತ್ತಗೆ; ಇದ್ದಿಲಿನ ನಡುವೆ ಹುದುಗಿಸಿದ ಸೌದೆಯ ತುಂಡು ಹೊಗೆಯಾಡುತ್ತಲೇ ಇರುವುದರಿಂದ ಹೊಗೆಯ ವಾಸನೆ ಒಂದಿಷ್ಟು ಒರಟು. ಕಣ್ಣು ಕಟ್ಟಿ ತಿನ್ನಿಸಿದರೂ ಎರಡನ್ನೂ ಬೇರ್ಪಡಿಸಬಲ್ಲೆ ಎನ್ನುವ ನಮ್ಮ ಬಾಮೈದನ ಮಾತನ್ನು ನಾನು ನಂಬುತ್ತೇನೆ. ಆದರೂ ಎಳೆಯ ಕುರಿಯ ತೊಡೆ, ಕೊಬ್ಬು ಕಡಿಮೆಯಿರುವುದರಿಂದ, ನೀರಿನ ಬೋಗುಣಿಯ ಮೇಲೆಯೇ ಚೆನ್ನ.

ಕೋಳಿಯ ವಿಷಯದಲ್ಲಿ ಅಡ್ಡ ಸ್ಮೋಕರಿಗೆ ಎದುರಿಲ್ಲ. ಹಬೆಯಲ್ಲಿ ಕೋಳಿಯ ಚರ್ಮ ರಬ್ಬರಾಗುತ್ತದೆ. ಅದನ್ನು ನಿಲುವಿನಲ್ಲಿ ಮಾಡಲೇಬೇಕೆಂದರೆ ಬೋಗುಣಿಯನ್ನು ಖಾಲಿ ಇಟ್ಟು, ಕಿಂಡಿ ತೆರೆದು, ಬಿಸಿಯನ್ನು 150ರ ಮೇಲಕ್ಕೆ ಏರಿಸಬೇಕು. ಯಾವುದರಲ್ಲಾದರೂ ಮೂಳೆಯ ಹತ್ತಿರದ ಮಾಂಸ 74 ಡಿಗ್ರಿ ಮುಟ್ಟಿದ ಮೇಲೆಯೇ ಇಳಿಸುವುದು. ನಾಟಿ ಕೋಳಿ ಎರಡರಲ್ಲೂ ಬೇಡ, ಅದರ ಜಾಗ ಸಾರಿನ ಪಾತ್ರೆ. ಕೊಡಗಿನ ಹುಳಿಯಾದ ಕಾಚಂಪುಳಿ ಸವರಿದ ಹಂದಿಯ ಪಕ್ಕೆ ಎರಡರಲ್ಲೂ ಚೆನ್ನಾಗಿ ಬರುತ್ತದೆ, ಅದರ ಕೊಬ್ಬು ಯಾವ ತಪ್ಪನ್ನೂ ಮುಚ್ಚಿಹಾಕುತ್ತದೆ.

ದೊಡ್ಡ ತುಂಡುಗಳ ಒಳಬಿಸಿ 65ರಿಂದ 70 ಡಿಗ್ರಿಯ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲಿಯೇ ನಿಂತುಬಿಡುತ್ತದೆ. ಬೆಂಕಿ ಕುಗ್ಗಿತೆಂದು ಹೊಸಬರು ಆಗ ಸೌದೆ ತುರುಕುತ್ತಾರೆ. ವಾಸ್ತವವಾಗಿ ಮಾಂಸದ ಮೈಯಿಂದ ಆರುವ ನೀರು ಅದನ್ನು ತಂಪಾಗಿಸುತ್ತಿರುತ್ತದೆ. ಹೊರಪದರ ಕಟ್ಟಿದ್ದರೆ ಆ ಹೊತ್ತಿಗೆ ಬಾಡಿಸಿದ ಬಾಳೆಎಲೆಯಲ್ಲಿ ಸುತ್ತಿ, ಮೇಲೊಂದು ಫಾಯಿಲ್ ಹಾಕಿ ಮತ್ತೆ ಇಟ್ಟರೆ ಒಳಗಿನ ಕೊಲಾಜನ್ ಎಂಬ ಗಟ್ಟಿ ನಾರಿನಂಶ ಕರಗಿ ಮಾಂಸ ಮೂಳೆ ಬಿಡುವ 90ರ ಮೇಲಿನ ಹಂತಕ್ಕೆ ಬೇಗ ತಲುಪುತ್ತದೆ. ಸುತ್ತಿದ ಮೇಲೆ ಹೊಗೆ ಒಳಗೆ ಹೋಗುವುದಿಲ್ಲವಾದ್ದರಿಂದ ಎರಡು ಮಾದರಿಗಳ ನಡುವಿನ ಅಂತರವೂ ಅಲ್ಲಿಗೆ ಮುಗಿಯಿತು. ತೋಟದಲ್ಲಿದ್ದಾಗಲೂ ನಾನು ಆಮೇಲೆ ಸೌದೆಯ ಗೊಡವೆಗೆ ಹೋಗದೆ ಇದ್ದಿಲಿಗೆ ಇಳಿಯುತ್ತೇನೆ.

ಆಷಾಢದ ಗಾಳಿ ಇಬ್ಬರಿಗೂ ಶತ್ರು. ತಾರಸಿಯ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ನಿಲುವು ಸ್ಮೋಕರಿನ ಕೆಳಗಿಂಡಿಗೆ ನುಗ್ಗಿ ಮುಚ್ಚಿದ ಬೆಂಕಿಯನ್ನೂ ಎಬ್ಬಿಸುತ್ತದೆ. ಗಾಳಿ ಬರುವ ಕಡೆಯ ಕಿಂಡಿಯನ್ನು ಪೂರ್ತಿ ಮುಚ್ಚಿ, ಒಂದು ತಗಡಿನ ಮರೆ ನಿಲ್ಲಿಸಿದರೆ ಸುಧಾರಿಸುತ್ತದೆ. ಅಡ್ಡ ಸ್ಮೋಕರಿಗೆ ಅಷ್ಟು ಸುಲಭದ ಮದ್ದಿಲ್ಲ: ಗಾಳಿ ಚಿಮಣಿಯ ಕಡೆಯಿಂದ ಬೀಸಿದರೆ ಹೊಗೆ ಹಿಂದಕ್ಕೆ ತಿರುಗಿ ಒಲೆಯ ಬಾಗಿಲಿನಿಂದ ಕುಳಿತವನ ಮುಖಕ್ಕೇ ಹೊಡೆಯುತ್ತದೆ. ನಮ್ಮದಕ್ಕೆ ಚಕ್ರ ಹಾಕಿಸಿರುವುದು ದಿಕ್ಕು ತಿರುಗಿಸಲೆಂದೇ.

ಜಾಗ ಮತ್ತು ನೆರೆಹೊರೆಯ ಮಾತು ಬಂದರೆ ಹೋಲಿಕೆಯೇ ಇಲ್ಲ. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಒಂದು ಡ್ರಮ್ಮಿನಷ್ಟು ಜಾಗದಲ್ಲಿ ನಿಲುವು ನಿಲ್ಲುತ್ತದೆ, ಬಿಡಿಸಿ ಮೆಟ್ಟಿಲು ಹತ್ತಿಸಬಹುದು, ಹೊತ್ತಿಸುವಾಗಿನ ಅರ್ಧ ಗಂಟೆ ಬಿಟ್ಟರೆ ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗೆ ವಾಸನೆ ಹತ್ತಿಸುವುದಿಲ್ಲ. ಅದರ ಕೊರತೆ ಬೇರೆಯದು: ಪಕ್ಕೆಲುಬಿನ ಪೂರ್ಣ ಸಾಲು ದುಂಡನೆಯ ಜಾಲರಿಯಲ್ಲಿ ಹಿಡಿಸುವುದಿಲ್ಲ, ಕತ್ತರಿಸಬೇಕು, ಕೆಳಜಾಲರಿಯಲ್ಲಿರುವುದನ್ನು ನೋಡಬೇಕಾದರೆ ಮೇಲಿನದನ್ನು ಎತ್ತಬೇಕು, ಮೇಲಿನ ಮಾಂಸದ ರಸ ಕೆಳಗಿನದರ ಮೇಲೆ ತೊಟ್ಟಿಕ್ಕುತ್ತದೆ. ಕೋಳಿಯ ಹಸಿರಸ ಕುರಿಯ ಮೇಲೆ ಬೀಳಬಾರದಾದ್ದರಿಂದ ಕೋಳಿ ಯಾವಾಗಲೂ ಕೆಳಗಡೆ.

ಯುಗಾದಿಯ ಮರುದಿನದ ಹೊಸತೊಡಕಿಗೆ ಮನೆಯ ಹತ್ತು ಜನಕ್ಕೆ ನಿಲುವು ಸಾಕು. ಬೀಗರ ಊಟ ಎಂದಾಗ ಮಾತ್ರ ಅಡ್ಡ ಸ್ಮೋಕರಿನ ಉದ್ದನೆಯ ಜಾಲರಿ ಲೆಕ್ಕಕ್ಕೆ ಬರುತ್ತದೆ: ಒಂದೇ ಮಟ್ಟದಲ್ಲಿ, ಒಂದೇ ನೋಟಕ್ಕೆ ಕಾಣುವಂತೆ ಅಷ್ಟೂ ಮಾಂಸ, ಬೆಂಕಿಯ ಬಳಿ ಪಾಳಿಯಲ್ಲಿ ಕೂರಲು ನೆಂಟರೂ ಇರುತ್ತಾರೆ.

ಅಂಥ ತೋಟ, ಅಂಥ ಬಳಗ ಇರುವವರು ಅಡ್ಡ ಸ್ಮೋಕರನ್ನೇ ಮಾಡಿಸುವುದಾದರೆ ಶೀಟಿನ ದಪ್ಪದಲ್ಲಿ ಕಂಜೂಸಿತನ ಬೇಡ. ಮೂರು ಮಿಲಿಮೀಟರಿನದು ಗಾಳಿ ಬೀಸಿದರೆ ಬಿಸಿ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಏರುತ್ತದೆ. ಆರು ಮಿಲಿಮೀಟರಿನದು ಬಿಸಿಯನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ಬೆಲೆ ಭಾರ: ಆರು ಮಿಲಿಮೀಟರಿನ ಉಕ್ಕು ಚದರ ಮೀಟರಿಗೆ 47 ಕಿಲೋ ತೂಗುವುದರಿಂದ ಅರ್ಧ ಮೀಟರ್ ಅಡ್ಡಳತೆ, 1.2 ಮೀಟರ್ ಉದ್ದದ ಉರುಳೆಯೊಂದೇ ನೂರು ಕಿಲೋ ದಾಟುತ್ತದೆ, ಒಲೆಯ ಪೆಟ್ಟಿಗೆ ಬೇರೆ. ಜಿಂಕ್ ಲೇಪಿಸಿದ ಶೀಟನ್ನು ಯಾರು ತೋರಿಸಿದರೂ ಬೇಡವೆನ್ನಬೇಕು, ಒಲೆಯ ಬಿಸಿಗೆ ಅದು ವಿಷದ ಹೊಗೆ ಬಿಡುತ್ತದೆ. ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ಮಿಗೂ ಇದೇ ಮಾತು. ಚಿಮಣಿಯನ್ನು ಉರುಳೆಯ ನೆತ್ತಿಗೆ ಬೆಸೆಯುವುದು ವೆಲ್ಡಿಂಗ್‌ನವರಿಗೆ ಸುಲಭ, ಕೇಳದಿದ್ದರೆ ಹಾಗೆಯೇ ಮಾಡಿಕೊಡುತ್ತಾರೆ. ಹೊಗೆ ಆಗ ಮಾಂಸದ ಮೇಲಿನಿಂದಲೇ ಹಾರಿಹೋಗುತ್ತದೆ. ಅದರ ಬಾಯಿಯನ್ನು ಜಾಲರಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ತೆಗೆಯುವಂತೆ ನಕ್ಷೆಯಲ್ಲಿಯೇ ಗುರುತಿಸಿ ಕೊಡಬೇಕು.